ಮಂಕಿ ಟೋಪಿಯ ಹಲ್ಲಿ

ನುಸಿಗುಳಿಗೆಯ ವಾಸನೆ ಕೆಲವರಿಗೆ ತಲೆನೋವು ತರುತ್ತದಂತೆ. ನನಗೆ ನಗು ತರುತ್ತದೆ. ಮೊನ್ನೆ ನಂಜನಗೂಡಿನಲ್ಲಿ ಚಳಿ ಕಾಲಿಟ್ಟಿತೆಂದು ಸ್ವೆಟರು ತೆಗೆಯಲು ಬೀರುವಿನ ಕೆಳಗಿನ ಖಾನೆ ಎಳೆದೆ. ವಾಸನೆ ಮೂಗಿಗೆ ಬಡಿಯುವಷ್ಟರಲ್ಲಿ ಒಂದು ಹಲ್ಲಿ ಜಾರಿ ನನ್ನ ಮಡಿಲಿಗೆ ಬಿತ್ತು. ಹೆದರಬೇಡಿ, ಉಲ್ಲನ್ನಿನ ಹಲ್ಲಿ. ಮಣಿಕಟ್ಟಿಗೆ ಕಟ್ಟಿಕೊಳ್ಳುವ ಪಟ್ಟಿಯೊಂದರ ಮೇಲೆ ಮಲಗಿರುವ, ಕಾಫಿಬಣ್ಣದ, ಕರಿಮಣಿ ಕಣ್ಣಿನ ಹಲ್ಲಿ. ಇಷ್ಟು ವರ್ಷ ಗುಳಿಗೆಯ ನಡುವೆ ಮಲಗಿಸಿದ್ದರೂ ನುಸಿ ಅದರ ಹಿಂದಿನ ಒಂದು ಕಾಲನ್ನು ತಿಂದು ಮುಗಿಸಿತ್ತು.

"ಅದನ್ನಿನ್ನೂ ಇಟ್ಕೊಂಡಿದ್ದೀಯಾ? ಎಸಿ ಅತ್ಲಾಗೆ" ಎಂದರು ನಮ್ಮ ಮನೆಯವರು. ಅವರ ತಪ್ಪಲ್ಲ. ಕಥೆ ಗೊತ್ತಿಲ್ಲದವರ ಕಣ್ಣಿಗೆ ಅದು ಕಸವೇ. ಆದರೆ ನಾನು ಆಗಲೇ ತೀರ್ಮಾನ ಮಾಡಿಬಿಟ್ಟಿದ್ದೆ. ನಿಜವಾದ ಹಲ್ಲಿ ಬಾಲ ಕಳೆದುಕೊಂಡರೆ ತಾನೇ ಬೆಳೆಸಿಕೊಳ್ಳುತ್ತದೆ, ಈ ಹಲ್ಲಿಗೆ ಯಾರಾದರೂ ಕಾಲು ಹೆಣೆದುಕೊಡಬೇಕು. ಇದನ್ನು ಹೆಣೆದ ರತ್ನತ್ತೆ ಈಗಿಲ್ಲ. ಅಂದಮೇಲೆ ನಾನೇ ಹೆಣೆಯುವುದು. ನನ್ನ ಕೈಗೆಲಸದ ಹೆಚ್ಚುಗಾರಿಕೆಯನ್ನು ನಿಮಗೆ ಮೊದಲೇ ಹೇಳಿಬಿಡುತ್ತೇನೆ. ನಾನು ಅಂಗಿಗೆ ಗುಂಡಿ ಹಾಕಿದರೆ ಅಂಗಿಯ ಮುಂದೂ ಹಿಂದೂ ಒಂದಕ್ಕೊಂದು ಹೊಲಿದುಕೊಂಡಿರುತ್ತವೆ.

ರತ್ನತ್ತೆ ಅಪ್ಪಾಜಿಯ ಅಕ್ಕ. ನರಸೀಪುರದಲ್ಲಿ ಮಾವ ಬಟ್ಟೆ ಅಂಗಡಿ ನಡೆಸುತ್ತಿದ್ದರು, ಅತ್ತೆ ಅಂಗಡಿಯ ಹಿಂದಿನ ಮನೆಯಲ್ಲಿ ಕ್ರೋಶಾ ಹಾಕುತ್ತಿದ್ದಳು. ಹಾಕುತ್ತಿದ್ದಳು ಅಂದರೆ ನಿಮಗೆ ಅದರ ಪ್ರಮಾಣ ತಿಳಿಯಲಿಕ್ಕಿಲ್ಲ. ಟಿ.ವಿ.ಗೆ ಹೊದಿಕೆ, ಫೋನಿಗೆ ಹೊದಿಕೆ, ಮಿಕ್ಸಿಗೆ ಹೊದಿಕೆ, ಕುಡಿಯುವ ನೀರಿನ ಕೊಳದಪ್ಪಲೆಗೂ ಅಂಚಿಗೆ ಮಣಿ ಕಟ್ಟಿದ ಬಲೆ. ದೇವರ ಮನೆ ಬಾಗಿಲಿಗೆ ಗಿಳಿಸಾಲಿನ ತೋರಣ. "ಈ ಮನೇಲಿ ಅಲ್ಲಾಡದೆ ಕೂತ್ರೆ ಆಯ್ತು, ಸಂಜೆ ಹೊತ್ಗೆ ಮೇಲೊಂದು ಹೊದಿಕೆ ಬಿದ್ದಿರ್ತದೆ. ಅದ್ಕೇ ನಾನು ಅಂಗಡೀಗೆ ಓಡೋಗೋದು" ಎನ್ನುತ್ತಿದ್ದರು ಮಾವ.

ಇಂಥ ಅತ್ತೆಗೆ ಲೋಕದಲ್ಲಿ ಹೆದರಿಕೆ ಇದ್ದದ್ದು ಒಂದಕ್ಕೇ. ಹಲ್ಲಿಗೆ. ಅಡುಗೆಮನೆಯ ಗೋಡೆಯ ಮೇಲೆ ಹಲ್ಲಿ ಕಂಡರೆ ಅಂದು ಒಗ್ಗರಣೆಯಿಲ್ಲದ ಸಾರು. ಮೈಮೇಲೇನಾದರೂ ಬಿದ್ದರೆ ತಲೆಗೆ ಸ್ನಾನ, ದೇವರಿಗೆ ದೀಪ, ಆಮೇಲೆ ಎದುರುಮನೆಯ ಪುಟ್ಟತಾಯಮ್ಮ. ಪುಟ್ಟತಾಯಮ್ಮ ಯಾವ ಕಾಲದಲ್ಲೋ ಕಂಚಿಗೆ ಹೋಗಿ ಅಲ್ಲಿನ ಬಂಗಾರದ ಹಲ್ಲಿಯನ್ನು ಮುಟ್ಟಿ ಬಂದವರು. ಮುಟ್ಟಿದವರನ್ನು ಮುಟ್ಟಿದರೂ ದೋಷ ಹೋಗುತ್ತದೆಂಬುದು ನಿಮಗೂ ಗೊತ್ತಿರಬೇಕು. ಅತ್ತೆ ಒದ್ದೆ ತಲೆಯಲ್ಲೇ ಓಡಿ ಆಕೆಯ ತೋಳು ಮುಟ್ಟಿ ಬರುತ್ತಿದ್ದಳು. "ಮುಟ್ಟಿ ಮುಟ್ಟಿ ನನ್ ಮೈಮ್ಯಾಲಿನ್ ಪುಣ್ಯಾನೆಲ್ಲ ಸವೆಸ್ಬುಟ್ರಲ್ಲ ರತ್ನಮ್ಮಾರೇ, ಇನ್ನೊಂದ್ಸಲ ಕಂಚಿಗೆ ಓಗ್ಬೇಕಾಯ್ತದೆ ನಾನು" ಎಂದು ಆಕೆ ನಗುತ್ತಿದ್ದರು.

ಈಗ ನನ್ನ ಬಲಗೈಯ ವಿಷಯಕ್ಕೆ ಬರಬೇಕು. ನನ್ನ ಬಲ ಮಣಿಕಟ್ಟಿನ ಮೇಲೆ ಹುಟ್ಟಿನಿಂದ ಬಂದ ಒಂದು ಮಚ್ಚೆ ಇದೆ. ತಲೆ, ನಾಲ್ಕು ಕಾಲು, ಬಾಗಿದ ಬಾಲ, ಎಲ್ಲ ಸ್ಪಷ್ಟ. ಅಮ್ಮ ಬಸುರಿಯಾಗಿದ್ದಾಗ ಹೊಸ್ತಿಲು ದಾಟುವಾಗ ಅವಳ ಕೈಮೇಲೆ ಹಲ್ಲಿ ಬಿದ್ದಿತ್ತು, ಅದೇ ಮಗುವಿನ ಕೈಗೆ ಇಳಿಯಿತು ಎಂದು ಅಜ್ಜಿ ಹೇಳಿದ್ದು ಊರಿನ ಮಾತಾಯಿತು. ಮನೆಯಲ್ಲಿ ಯಾರೂ ನನಗೆ ಕಡಿಮೆ ಮಾಡಿದವರಲ್ಲ. ರತ್ನತ್ತೆಯಂತೂ ನನ್ನ ಮೇಲೆ ಪ್ರಾಣವನ್ನೇ ಇಟ್ಟಿದ್ದಳು. ಆದರೆ ರಸ್ತೆ ದಾಟುವಾಗ ಅವಳು ಹಿಡಿಯುತ್ತಿದ್ದದ್ದು ನನ್ನ ಎಡಗೈಯನ್ನು. ನಾನು ಅವಳ ಎಡಕ್ಕೆ ನಿಂತಿದ್ದರೆ ಸುತ್ತಿಬಂದು ನನ್ನ ಎಡಕ್ಕೆ ನಿಂತು ಹಿಡಿಯುತ್ತಿದ್ದಳು. ಬಳೆ ತೊಡಿಸುವಾಗಲೂ ಎಡಗೈಗೆ ತಾನು ತೊಡಿಸಿ, ಬಲಗೈ ಬಂದಾಗ "ನೀನೇ ಹಾಕ್ಕೋ ಮಗಾ, ದೊಡ್ಡೋಳಾದೆ" ಎನ್ನುತ್ತಿದ್ದಳು. ಮಕ್ಕಳಿಗೆ ಇಂಥದ್ದು ತಿಳಿಯುವುದಿಲ್ಲ ಎಂದು ದೊಡ್ಡವರು ಯಾಕೆ ಅಂದುಕೊಳ್ಳುತ್ತಾರೋ. ನನಗೆ ಚೆನ್ನಾಗಿ ತಿಳಿಯುತ್ತಿತ್ತು, ಮತ್ತು ನೋಯುತ್ತಿತ್ತು.

ನಾನು ಮಾಧ್ಯಮಿಕ ಶಾಲೆಗೆ ಬಂದ ವರ್ಷ ವಾರ್ಷಿಕೋತ್ಸವದ ಕೋಲಾಟಕ್ಕೆ ನನ್ನನ್ನು ಆರಿಸಿದರು. ನನಗೆ ಕೋಲಾಟವೆಂದರೆ ಹುಚ್ಚು. ಕಡ್ಡಿ ಸಿಕ್ಕರೆ ಸಾಕು, ಅಡುಗೆಮನೆಯ ಡಬ್ಬಗಳ ಮೇಲೆಲ್ಲ ತಾಳ ಹಾಕುತ್ತಿದ್ದೆ. ಆದರೆ ಆಟದ ಕೊನೆಗೆ ಕೋಲು ಕೆಳಗಿಟ್ಟು, ಎಲ್ಲರೂ ಕೈಕೈ ಹಿಡಿದು ಸುತ್ತಬೇಕಿತ್ತು. ನನ್ನ ಬಲಕ್ಕೆ ಜ್ಯೋತಿ. ಅವಳು ಕರ್ಚೀಫು ತೆಗೆದು, ಅದರ ಒಂದು ತುದಿ ತಾನು ಹಿಡಿದು ಇನ್ನೊಂದು ತುದಿ ನನಗೆ ಚಾಚಿದಳು. "ಹಲ್ಲಿ ಕೈ ನಾ ಹಿಡಿಯಲ್ಲಪ್ಪ." ಹುಡುಗಿಯರೆಲ್ಲ ನಕ್ಕರು. ಮೇಲಾಗಿ ಎಲ್ಲರಿಗೂ ಗಿಡ್ಡ ತೋಳಿನ ರವಿಕೆ, ಮುಚ್ಚಿಕೊಳ್ಳುವ ದಾರಿಯೂ ಇಲ್ಲ. ದಸರಾ ರಜೆ ಬಂತು. ರಜೆ ಮುಗಿದ ಮೇಲೆ ಕೋಲಾಟಕ್ಕೆ ಹೋಗುವುದಿಲ್ಲವೆಂದು ನಿಶ್ಚಯಿಸಿಕೊಂಡೇ ನಾನು ನರಸೀಪುರದ ಬಸ್ಸು ಹತ್ತಿದ್ದು.

ಅತ್ತೆಯ ಮುಂದೆ ಗುಟ್ಟು ನಿಲ್ಲುವುದಿಲ್ಲ. ಎರಡನೆಯ ಮಧ್ಯಾಹ್ನವೇ ಅತ್ತು ಎಲ್ಲ ಹೇಳಿಬಿಟ್ಟೆ. ಅವಳು ಸೆರಗಿನಿಂದ ನನ್ನ ಮುಖ ಒರೆಸಿ, "ಇಷ್ಟೇನಾ? ಮಚ್ಚೆ ಮುಚ್ಚೋ ಹಂಗೆ ಕೈಗೊಂದು ಪಟ್ಟಿ ಹಾಕ್ಕೊಡ್ತೀನಿ ಬಿಡು. ಮೇಲೆ ಏನಿರ್ಲಿ? ಗಿಳಿ? ನವಿಲು?" ಎಂದಳು.

ನನಗೆ ಎಲ್ಲಿತ್ತೋ ಸಿಟ್ಟು. "ಹಲ್ಲಿ" ಎಂದೆ.

"ಏನಂದೆ?"

"ಹಲ್ಲಿ ಕೈ ಅಂತಾರಲ್ಲ ಎಲ್ರೂ? ಹಲ್ಲೀನೇ ಹಾಕ್ಕೊಡು. ಆಗಲ್ಲ ಅಂದ್ರೆ ಬೇಡ. ನೀನೂ ನನ್ನ ಆ ಕೈ ಮುಟ್ಟಲ್ವಲ್ಲ."

ಅತ್ತೆಯ ಕೈಯಲ್ಲಿದ್ದ ಕಡ್ಡಿ ನಿಂತಿತು. ದಾರ ಸುತ್ತಿಟ್ಟು ಎದ್ದು ಒಳಗೆ ಹೋದಳು. ರಾತ್ರಿ ಊಟಕ್ಕೆ ಬಡಿಸುವಾಗಲೂ ನನ್ನ ಕಡೆ ತಿರುಗಲಿಲ್ಲ. ಇನ್ನು ನನ್ನನ್ನು ಮರುದಿನವೇ ಬಸ್ಸಿಗೆ ಹತ್ತಿಸುತ್ತಾಳೆ ಎಂದುಕೊಂಡು ಮಲಗಿದೆ.

ಬೆಳಿಗ್ಗೆ ಎದ್ದು ನೋಡಿದರೆ ಅತ್ತೆ ಹಜಾರದಲ್ಲಿ ಕುಳಿತು ಮಾವನ ಮಂಕಿ ಟೋಪಿಯನ್ನು ಬಿಚ್ಚುತ್ತಿದ್ದಳು. ಅಂಗಡಿಗಳಲ್ಲಿ ಆಗ ಸಿಗುತ್ತಿದ್ದದ್ದು ಗಿಳಿಹಸಿರು, ಗುಲಾಬಿ, ಇಂಥವೇ ಉಲ್ಲನ್. ನನ್ನ ಮಚ್ಚೆಯ ಬಣ್ಣ ಇಡೀ ಮನೆಯಲ್ಲಿ ಇದ್ದದ್ದು ಆ ಟೋಪಿಗೆ ಮಾತ್ರ. ಮಾವ ಹಲ್ಲುಜ್ಜಿ ಬಂದವರು, "ಲೇ, ನನ್ ಟೋಪಿ ಎಲ್ಲೇ?" ಎಂದರು.

"ಹಲ್ಲಿ ಆಯ್ತಾ ಅದೆ. ಸುಮ್ನಿರಿ."

ಮಾವ ನನ್ನ ಮುಖ ನೋಡಿದರು, ಅತ್ತೆಯ ಮುಖ ನೋಡಿದರು, ಬರಿತಲೆಯಲ್ಲಿ ಅಂಗಡಿಗೆ ಹೋದರು. ಸಂಸಾರ ಮಾಡಿ ಪಳಗಿದವರು ಅವರು.

ಗಿಳಿ, ನವಿಲುಗಳ ನಕ್ಷೆ ಅತ್ತೆಗೆ ಬೆರಳ ತುದಿಯಲ್ಲಿತ್ತು. ಹಲ್ಲಿಗೆ ನಕ್ಷೆ ಎಲ್ಲಿಂದ ಬರಬೇಕು? ಅವಳು ಕುರ್ಚಿಯನ್ನು ಹಜಾರದ ಟ್ಯೂಬ್‌ಲೈಟಿನ ಎದುರಿಗೆ, ಆದರೆ ಆದಷ್ಟೂ ದೂರಕ್ಕೆ ಎಳೆದು ಕುಳಿತಳು. ಸಂಜೆ ದೀಪ ಹಾಕಿದೊಡನೆ ಅಲ್ಲಿನ ಹಲ್ಲಿ ಹುಳಕ್ಕಾಗಿ ಹೊರಗೆ ಬರುತ್ತಿತ್ತು. ಜನ್ಮದಲ್ಲಿ ಹಲ್ಲಿಯನ್ನು ಕಣ್ಣೆತ್ತಿ ನೋಡದವಳು ಒಂದು ಕೈಯಲ್ಲಿ ಕಡ್ಡಿ, ಇನ್ನೊಂದರಲ್ಲಿ ದಾರ ಹಿಡಿದು, ಬಾಯಲ್ಲಿ "ಶಿವ ಶಿವ" ಎನ್ನುತ್ತ ಅದನ್ನೇ ದಿಟ್ಟಿಸುತ್ತಿದ್ದಳು. ಹಲ್ಲಿ ಒಂದು ಹೆಜ್ಜೆ ಸರಿದರೆ ಕುರ್ಚಿ ಎರಡು ಹೆಜ್ಜೆ ಹಿಂದಕ್ಕೆ. ಹೊಟ್ಟೆ ದಪ್ಪವಾಯಿತೆಂದು ಬಿಚ್ಚಿದಳು, ಮೊಸಳೆಯಂತಾಯಿತೆಂದು ಬಿಚ್ಚಿದಳು. ನಾನು ನಗುತ್ತಿದ್ದೆ. ಅವಳ ಹಣೆಯ ಮೇಲಿನ ಬೆವರು ಕಂಡಾಗ ಮಾತ್ರ ನಗು ನಿಲ್ಲುತ್ತಿತ್ತು. ನಾನು ಸಿಟ್ಟಿಗೆ ಆಡಿದ್ದನ್ನು ಇವಳು ಹಟಕ್ಕೆ ಹಿಡಿದುಬಿಟ್ಟಳಲ್ಲ ಅನ್ನಿಸುತ್ತಿತ್ತು.

ಕಡೆಗೊಂದು ದಿನ ಹಲ್ಲಿ ಸಿದ್ಧವಾಯಿತು. ಬೆರಳ ಕಡೆಗೆ ಕಿರಿದಾಗುವ ಪಟ್ಟಿಯ ಮೇಲೆ ಅದನ್ನು ಹೊಲಿದು, ತನ್ನ ಮೊಣಕಾಲ ಮೇಲೆ ಹರಡಿ, ಪುಟ್ಟತಾಯಮ್ಮನನ್ನು ಕೂಗಿದಳು. ಆಕೆ ಬಂದು ನೋಡಿದವರೇ ಗಲ್ಲದ ಮೇಲೆ ಕೈಯಿಟ್ಟರು.

"ಅಯ್, ಇದ್ಯಾಕ್ ಇಳೀತಾ ಅದಲ್ಲ ರತ್ನಮ್ಮಾರೇ? ತಲೆ ಬೆರಳ್ ಕಡೀಕ್ ಅದೆ. ಏರೋದು ಒಳ್ಳೇದು, ಇಳಿಯೋದು ಕೆಡುಕು. ಮಗೀನ್ ಕೈಗೆ ಇಳಿಯೋದ್ನ ಕಟ್ತಾರಾ ಯಾರಾದ್ರೂವೆ?"

ಅತ್ತೆ ನಾಲಿಗೆ ಕಚ್ಚಿಕೊಂಡಳು. "ಅಯ್ಯೋ ನನ್ ಬುದ್ಧಿಗೆ! ಗೋಡೆ ಮೇಲಿಂದು ಇಳ್ಕೊಂಡೇ ಬತ್ತಿತ್ತು. ನೋಡಿದ್ದು ನೋಡ್ದಂಗೇ ಹಾಕ್ಬುಟ್ಟೆ." ಕತ್ತರಿ ತೆಗೆದುಕೊಂಡು ಹೊಲಿಗೆ ಬಿಚ್ಚತೊಡಗಿದವಳು ಥಟ್ಟನೆ ನಿಂತಳು. "ಹಂಗಾದ್ರೆ ಇವಳ ಕೈಲಿರೋದು ಎತ್ಲಾಗೆ ಮುಖ ಮಾಡದೆ? ಎಲ್ಲಿ, ಕೊಡು ಕೈನ."

ಅಭ್ಯಾಸದಂತೆ ನಾನು ಎಡಗೈ ಕೊಟ್ಟೆ.

"ಅದಲ್ಲ ಕಣವ್ವ. ಇನ್ನೊಂದು."

ಒಲೆಯ ಮೇಲಿನ ಬಿಸಿ ಪಾತ್ರೆಯನ್ನು ಬರಿಗೈಯಲ್ಲಿ ಎತ್ತುವವರ ಹಾಗೆ, ತುದಿಬೆರಳಲ್ಲಿ ನನ್ನ ಬಲಗೈ ಹಿಡಿದು ಕಿಟಕಿಯ ಬೆಳಕಿಗೆ ಎಳೆದಳು. ಕನ್ನಡಕ ಸರಿಮಾಡಿಕೊಂಡಳು. ನೋಡುತ್ತ ನೋಡುತ್ತ ಅವಳಿಗೆ ಹೆದರಿಕೆ ಮರೆತೇ ಹೋಯಿತೇನೋ, ಹೆಬ್ಬೆರಳು ಮಚ್ಚೆಯ ಮೇಲೆ ಬಂತು, ಬಾಲದಿಂದ ಹೊರಟು ಬೆನ್ನ ಮೇಲೆ ಹಾದು ತಲೆ ಮುಟ್ಟಿತು. "ಪುಟ್ಟತಾಯವ್ವ! ಇಲ್ಲಿ ನೋಡಿ! ಬಾಲ ಬೆರಳ ಕಡೆ, ತಲೆ ಮೊಣಕೈ ಕಡೆ. ಇದು ಏರ್ತಾ ಅದೆ! ಹುಟ್ಟಿದಾಗ್ಲಿಂದ ಏರ್ತಾನೇ ಅದೆ! ಇಷ್ಟ್ ವರ್ಷ ಒಬ್ರಾದ್ರೂ ನೆಟ್ಟಗೆ ನೋಡಿದ್ವಾ ನಾವು?"

ನಾನು ಬುದ್ಧಿವಂತೆ ನೋಡಿ, "ಕೋಲಾಟದಲ್ಲಿ ಕೈ ಎತ್ತಿದ್ರೆ ಇಳಿಯುತ್ತಲ್ಲ ಅತ್ತೆ?" ಎಂದೆ.

ಅತ್ತೆ ನನ್ನ ಕೈಯನ್ನು ಮೇಲಕ್ಕೆತ್ತಿ ನೋಡಿ ಪೆಚ್ಚಾದಳು. ಕಂಚಿ ಕಂಡ ಪುಟ್ಟತಾಯಮ್ಮನೇ ತೀರ್ಪು ಕೊಟ್ಟರು. "ನಡ್ಯೋವಾಗ ಏರ್ತದಲ್ಲ? ಮನ್ಷ ನಡ್ಯೋದೇ ಎಚ್ಚು. ಅದೇ ಲೆಕ್ಕ."

ಆಮೇಲೆ ಅತ್ತೆ ಟ್ಯೂಬ್‌ಲೈಟಿನ ಕಡೆ ತಿರುಗಲಿಲ್ಲ. ಮೊದಲಿನ ಹಲ್ಲಿಯನ್ನು ಪೂರಾ ಬಿಚ್ಚಿ, ನನ್ನ ಕೈಯನ್ನು ತನ್ನ ತೊಡೆಯ ಮೇಲಿಟ್ಟುಕೊಂಡು, ಮಚ್ಚೆ ನೋಡುತ್ತ ಹೊಸದು ಶುರುಮಾಡಿದಳು. ಕಾಲಿನ ಬಾಗು ತಪ್ಪಿದರೆ ಮತ್ತೆ ಹೆಬ್ಬೆರಳಿಟ್ಟು ನೋಡುತ್ತಿದ್ದಳು. ರಜೆ ಮುಗಿದರೂ ಹಲ್ಲಿ ಮುಗಿಯಲಿಲ್ಲ. "ನೀನು ಕೋಲಾಟಕ್ಕೆ ಹೋಗ್ತಾ ಇರು. ಅವತ್ತು ತಂದೇ ತತ್ತೀನಿ" ಎಂದು ಮಾತುಕೊಟ್ಟಳು. ನಾನು ಹೋದೆ. ಜ್ಯೋತಿಯ ಕರ್ಚೀಫಿನ ತುದಿ ಹಿಡಿದೇ ಅಭ್ಯಾಸ ಮಾಡಿದೆ.

ವಾರ್ಷಿಕೋತ್ಸವದ ದಿನ ದಾರಿಯಲ್ಲಿ ಹದಿನಾರು ಎಂಬ ಊರಿನ ಹತ್ತಿರ ಬಸ್ಸು ಕೆಟ್ಟು ನಿಂತಿತಂತೆ. ಅತ್ತೆ ಇನ್ನೊಂದು ಬಸ್ಸಿಗೆ ಕಾಯದೆ ಟೊಮೆಟೊ ತುಂಬಿದ ಟೆಂಪೋದಲ್ಲಿ ಡ್ರೈವರನ ಪಕ್ಕ ಕುಳಿತು ಬಂದಳು. ನಾವು ಬಣ್ಣ ಹಚ್ಚಿಕೊಂಡು ಸಾಲಾಗಿ ನಿಂತಾಗಿತ್ತು. ಬೆವರಿ, ಕೂದಲು ಕೆದರಿ, ಟೊಮೆಟೊ ಕಲೆಯ ಸೀರೆಯಲ್ಲಿ ಓಡಿಬಂದವಳು ಸೆರಗಿನ ಗಂಟು ಬಿಚ್ಚಿದಳು. ಕಾಫಿಬಣ್ಣದ ಹಲ್ಲಿ ಕರಿಮಣಿ ಕಣ್ಣು ಬಿಟ್ಟುಕೊಂಡು ನನ್ನನ್ನೇ ನೋಡುತ್ತಿತ್ತು. ನನ್ನ ಮಚ್ಚೆಯೇ ಎದ್ದು ಬಂದಹಾಗಿತ್ತು.

"ಚಾಚು ಕೈ, ಬೇಗ. ಮುಚ್ಚಿಬಿಡೋಣ."

ನಾನು ಎಡಗೈ ಚಾಚಿದೆ.

"ಈ ಕೈಗಲ್ವಲ್ಲೇ!"

"ಆ ಕೈಲಿ ಒಂದು ಇದೆಯಲ್ಲ ಅತ್ತೆ. ಒಂದೇ ಕೈಗೆ ಹಾಕಿ ಇನ್ನೊಂದು ಬೋಳು ಬಿಡಬಾರದು ಅಂತ ನೀನೇ ಹೇಳ್ತೀಯಲ್ಲ, ಬಳೆ ತೊಡಿಸೋವಾಗ."

ಅತ್ತೆ ಸೆರಗಿನಿಂದ ಮುಖ ಒರೆಸಿಕೊಂಡಳು. ಆಮೇಲೆ ಪಟ್ಟಿಯನ್ನು ಎಡಗೈಗೆ ಸುತ್ತಿ, ತಲೆ ಮೊಣಕೈ ಕಡೆಗಿದೆಯೇ ಎಂದು ನೋಡಿ, ಗುಂಡಿ ಹಾಕಿದಳು. ವೇದಿಕೆಯ ಹಿಂದೆ ಜನ ನೂಕುತ್ತಿದ್ದರು. ಮೆಟ್ಟಿಲ ತನಕ ಕರೆದುಕೊಂಡು ಹೋಗಲು ಅವಳು ನನ್ನ ಬಲಗೈ ಹಿಡಿದಳು. ತುದಿಬೆರಳಲ್ಲಲ್ಲ. ಮಣಿಕಟ್ಟನ್ನು, ಮಚ್ಚೆ ಸಮೇತ, ಇಡೀ ಅಂಗೈಯಿಂದ. ಅವಳ ಅಂಗೈ ಒದ್ದೆಯಾಗಿತ್ತು. ನನಗೆ ಆವತ್ತಿನ ಕೋಲಾಟಕ್ಕಿಂತ ಆ ಹತ್ತು ಹೆಜ್ಜೆ ಚೆನ್ನಾಗಿ ನೆನಪಿದೆ.

ಕೋಲು ಕೆಳಗಿಟ್ಟು ಕೈಹಿಡಿಯುವ ಹೊತ್ತಿಗೆ ಜ್ಯೋತಿ ಎಂದಿನಂತೆ ಕರ್ಚೀಫು ಚಾಚಿದಳು. ನಾನು ಅದನ್ನು ಕಿತ್ತು ಸೊಂಟಕ್ಕೆ ಸಿಕ್ಕಿಸಿಕೊಂಡು ಅವಳ ಕೈ ಹಿಡಿದೆ, ಗಟ್ಟಿಯಾಗಿ. ಅವಳು ಎಳೆದುಕೊಳ್ಳಲು ನೋಡಿದಳು, ನಾನು ಬಿಡಲಿಲ್ಲ. ತಾಳ ಶುರುವಾಯಿತು, ಸುತ್ತಿದೆವು. ಕರ್ಚೀಫನ್ನು ಅವಳು ಕೇಳಲಿಲ್ಲ, ನಾನು ಕೊಡಲೂ ಇಲ್ಲ.

ಅತ್ತೆ ಆಮೇಲೂ ಹಲ್ಲಿ ಕಂಡರೆ ಕಿರುಚುತ್ತಿದ್ದಳು, ಅದನ್ನು ಹೇಳದಿದ್ದರೆ ಸುಳ್ಳಾದೀತು. ಆದರೆ ಪುಟ್ಟತಾಯಮ್ಮ ತೀರಿಕೊಂಡ ಮೇಲೆ ಹಲ್ಲಿ ಮೈಮೇಲೆ ಬಿದ್ದಾಗಲೆಲ್ಲ ಸ್ನಾನ ಮಾಡಿ, ದೀಪ ಹಚ್ಚಿ, ನನಗೆ ಫೋನ್ ಮಾಡುತ್ತಿದ್ದಳು. "ಮಗಾ, ಈ ಸಲ ಬಂದಾಗ ಆ ಕೈ ಒಂದ್ಸಲ ಮುಟ್ಟಿಸ್ಬುಡು" ಎಂದು. ಕಂಚಿಗೆ ನಾನು ಹೋದವಳೇ ಅಲ್ಲ.

ಈಗ ನನ್ನ ಮುಂದೆ ಮೂರು ಕಾಲಿನ ಹಲ್ಲಿ, ಪೇಟೆಯಲ್ಲಿ ಹುಡುಕಿ ತಂದ ಕಾಫಿಬಣ್ಣದ ಉಲ್ಲನ್, ಅತ್ತೆಯ ಕ್ರೋಶಾ ಕಡ್ಡಿ. ಮೂರು ಸಂಜೆಯಿಂದ ಗುದ್ದಾಡುತ್ತಿದ್ದೇನೆ. ಮೊದಲ ಕಾಲು ಆನೆಯದಾಯಿತು, ಬಿಚ್ಚಿದೆ. ಎರಡನೆಯದು ಬಾಲವಾಯಿತು, ಬಿಚ್ಚಿದೆ. ನಮ್ಮ ಮನೆಯವರು ಮಾತಾಡದೆ ಸ್ವೆಟರು, ಟೋಪಿಗಳನ್ನೆಲ್ಲ ನನ್ನ ಕೈಗೆ ಸಿಗದ ಕಡೆ ಎತ್ತಿಟ್ಟಿದ್ದಾರೆ. ನಿನ್ನೆಯಂತೂ, ಕಾಲಿನ ಬಾಗು ಹೇಗಿತ್ತೆಂದು ಎಷ್ಟು ಯೋಚಿಸಿದರೂ ಹೊಳೆಯದೆ, ಅತ್ತೆಯನ್ನು ಕೇಳಬೇಕಿತ್ತು ಎಂದುಕೊಂಡು ಕಡ್ಡಿ ಕೆಳಗಿಡಹೋದೆ. ಆಗ ಕಣ್ಣು ಕಡ್ಡಿ ಹಿಡಿದ ಕೈಯ ಮೇಲೆ ಬಿತ್ತು. ನಾನೆಂಥ ಪೆದ್ದಿ! ನಕ್ಷೆಯನ್ನು ಅವಳು ಎಲ್ಲಿಂದ ತೆಗೆದುಕೊಂಡಿದ್ದಳೋ ಅಲ್ಲಿಯೇ ಇತ್ತಲ್ಲ.

ಕಿಟಕಿಯ ಹತ್ತಿರಕ್ಕೆ ಸರಿದೆ. ಮಚ್ಚೆಯ ಹಿಂಗಾಲ ಮೇಲೆ ಎಡಗೈ ಹೆಬ್ಬೆರಳಿಟ್ಟು, ಅದು ಬಾಗುವ ಜಾಗ ನೋಡಿಕೊಂಡು, ಮತ್ತೆ ಮೊದಲಿನಿಂದ ಉಲ್ಲನ್ನಿನ ಸರಪಣಿ ಕುಣಿಕೆ ಹಾಕತೊಡಗಿದೆ. ಕಡ್ಡಿಯ ಕೊಕ್ಕೆ ಒಳಹೊಕ್ಕು ಹೊರಬಂದಹಾಗೆಲ್ಲ ನನ್ನ ಮಣಿಕಟ್ಟಿನ ಹಲ್ಲಿ ಏರುತ್ತಲೇ ಇತ್ತು.