ಒಲೆ ಆರಿಸಿದ ದಿನ ಎದ್ದ ಹೊಗೆ

ಮೊನ್ನೆ ದೇವನಹಳ್ಳಿಯಲ್ಲಿ ಬಸ್ಸಿಗೆ ಕಾಯುತ್ತಿದ್ದಾಗ ಹೋಟೆಲೊಂದರ ಹಿಂದಿನಿಂದ ನವಸಾಗರ ಸುಟ್ಟ ವಾಸನೆ ಬಂತು. ಮೂಗು ಉರಿಸಿ ಕಣ್ಣಲ್ಲಿ ನೀರು ತರಿಸುವ ಆ ಘಾಟು ಬೇರೆ ಯಾವುದಕ್ಕೂ ಇಲ್ಲ. ಇಣುಕಿ ನೋಡಿದರೆ, ಬಿರಿಯಾನಿ ಬೇಯಿಸುವ ತಾಮ್ರದ ಹಂಡೆಗಳಿಗೆ ಯಾರೋ ನವಸಾಗರದ ಪುಡಿ ಎರಚಿ, ತವರ ಬಳಿದು ಕಲಾಯಿ ಹಾಕುತ್ತಿದ್ದರು. ನನ್ನ ಬಸ್ಸು ಬಂತು, ಹೋಯಿತು. ನಾನು ಅಲ್ಲೇ ನಿಂತಿದ್ದೆ…

ನಮ್ಮ ಊರು ಕುಂದಾಣದ ಪಕ್ಕ. ಸುಗ್ಗಿ ಮುಗಿದ ಮೇಲೆ ಪ್ರತಿ ವರ್ಷ ಕಲಾಯಿ ಸಾಬರು ಬರುತ್ತಿದ್ದರು. ಊರ ಮುಂದಿನ ಹುಣಸೆಮರದ ಕೆಳಗೆ ಗುಂಡಿ ತೋಡಿ, ಗಾಳಿ ಊದುವ ತಿದಿ ಹೂಡಿ, ಇದ್ದಿಲಿಗೆ ಬೆಂಕಿ ಹಾಕಿ ಕೂತರೆಂದರೆ ಊರಿನ ಹಿತ್ತಾಳೆ ತಾಮ್ರವೆಲ್ಲ ಅವರ ಮುಂದೆ. ಸಣ್ಣ ಮೈಯ, ಕಡಿಮೆ ಮಾತಿನ ಮನುಷ್ಯ. ನನ್ನ ಅಜ್ಜಿ ಮಾತ್ರ ಅವರ ಕೆಲಸದಲ್ಲಿ ಹುಳುಕು ಹುಡುಕದೆ ಬಿಟ್ಟವಳಲ್ಲ. ತವರ ತೆಳ್ಳಗಾಯಿತು, ಅಂಚು ಬಿಟ್ಟುಹೋಯಿತು ಎಂದು ಬಾಯಿ ಮಾಡುವಳು. ಅವರು ನಗುತ್ತ ಇನ್ನೊಮ್ಮೆ ಉಜ್ಜಿ ಕೊಡುವರು. ಈ ಜಗಳವಿಲ್ಲದೆ ಇಬ್ಬರಿಗೂ ವರ್ಷ ತುಂಬುತ್ತಿರಲಿಲ್ಲವೇನೋ.

ನನಗೆ ಆಗ ಹದಿನಾಲ್ಕು. ಸ್ವಾತಂತ್ರ್ಯ ಬಂದ ಮೇಲೆ ಇನ್ನೂ ಒಂದು ಯುಗಾದಿಯೂ ಆಗಿರಲಿಲ್ಲ. ಉತ್ತರದ ಕಡೆ ಹಿಂದೂಗಳೂ ಮುಸಲ್ಮಾನರೂ ಕಡಿದಾಡಿದ ಸುದ್ದಿ ಸಂತೆಗೆ ಹೋದವರ ಜೊತೆ ಊರಿಗೂ ಬರುತ್ತಿತ್ತು. ಕೇಳಿ ಅಯ್ಯೋ ಅನ್ನುತ್ತಿದ್ದೆವು, ಮರೆಯುತ್ತಿದ್ದೆವು.

ಒಂದು ಬೆಳಿಗ್ಗೆ, ಹಿಂದಿನ ರಾತ್ರಿ ದೇವನಹಳ್ಳಿಯಲ್ಲಿ ತಂಗಿದ್ದ ನಮ್ಮೂರ ಪಟೇಲರು ಗಾಡಿಯಿಂದ ಇಳಿದವರೇ ಚಾವಡಿಯಲ್ಲಿ ಕುಸಿದು ಕೂತರು. ದೆಹಲಿಯಲ್ಲಿ ಮಹಾತ್ಮರಿಗೆ ಯಾರೋ ಗುಂಡು ಹೊಡೆದರಂತೆ, ಹೋಗಿಬಿಟ್ಟರಂತೆ. ಹೊಡೆದವನು ಯಾರೆಂಬುದು ಅವರಿಗೂ ತಿಳಿದಿರಲಿಲ್ಲ.

ಊರಿನಲ್ಲಿ ಸಾವಾದರೆ ಹೆಣ ಎತ್ತುವವರೆಗೆ ನಮ್ಮಲ್ಲಿ ಒಲೆ ಹಚ್ಚುವುದಿಲ್ಲ. ಈಗಲೂ ಹಾಗೇ ಆಗಲಿ ಎಂದರು ಪಟೇಲರು. ಹೆಂಗಸರು ಉರಿಯುವ ಒಲೆಗಳಿಗೆ ನೀರು ಹೊಯ್ದರು. ದೆಹಲಿಯಲ್ಲಿ ಹೆಣ ಎತ್ತಿದ್ದು ನಮ್ಮೂರಿಗೆ ಹೇಗೆ ತಿಳಿಯಬೇಕೆಂದು ಯಾರೂ ಕೇಳಲಿಲ್ಲ. ಮುದ್ದೆಗೆ ಇಟ್ಟ ಎಸರನ್ನು ಅಜ್ಜಿ ಹಾಗೇ ಕೆಳಗಿಳಿಸಿದಳು.

ಆ ವರ್ಷವೂ ಸಾಬರು ಬಂದು ಕೂತಿದ್ದ ಹುಣಸೆಮರದ ಕೆಳಗೆ ಮಾತ್ರ ಬೆಳ್ಳಗೆ ಹೊಗೆ ಏಳುತ್ತಲೇ ಇತ್ತು. ಸಾಬರಿಗೂ ಸುದ್ದಿ ಮುಟ್ಟಿಸಬೇಕೆಂದು ಒಬ್ಬರಿಗೂ ಹೊಳೆದಿರಲಿಲ್ಲ.

"ಊರೆಲ್ಲ ಒಲೆ ಆರ್ಸಿ ಕೂತೈತೆ, ಅವನೊಬ್ಬ ಹೊಗೆ ಎಬ್ಬಿಸ್ತಾವ್ನಲ್ಲ" ಎಂದ ಚಾವಡಿಯಲ್ಲಿದ್ದ ಒಬ್ಬ.

"ಖುಷಿಯಾಗೈತೆ ಕಣ್ಲಾ ಅವ್ನಿಗೆ. ಹೊಡ್ದೋನು ಅವ್ರೋನೇ ಇರ್ಬೇಕು" ಎಂದ ಇನ್ನೊಬ್ಬ.

ಐದಾರು ಗಂಡಸರು ಎದ್ದರು. ಒಬ್ಬನ ಕೈಯಲ್ಲಿ ಗಾಡಿಯ ಗೂಟವಿತ್ತು. ಅಜ್ಜಿ ತುಂಬಿದ ಬಿಂದಿಗೆಯನ್ನು ಸೊಂಟಕ್ಕೇರಿಸಿ ಅವರಿಗಿಂತ ಮುಂದೆ ಓಡಿದಳು, ಹಿಂದೆ ನಾನು. ಬಿಂದಿಗೆಯನ್ನು ಬೆಂಕಿಯ ಮೇಲೆ ಬೋರಲು ಹಾಕಿದಳು. ಸಾಬರು ತಬ್ಬಿಬ್ಬಾಗಿ ಎದ್ದರು.

"ಮಾತ್ಮ ಹೋದ್ರಂತೆ ಕಣಪ್ಪಾ. ಯಾರೋ ಗುಂಡು ಹೊಡೆದ್ರಂತೆ."

"ಯಾರವ್ವಾ?"

ಎಲ್ಲಿ, ಯಾವಾಗ ಎಂದು ಕೇಳಲಿಲ್ಲ. ಅದೊಂದನ್ನೇ ಕೇಳಿದರು. ಗೊತ್ತಿಲ್ಲ ಎಂದಾಗ ಅವರ ಮುಖ ಬಿಳಿಚಿಕೊಂಡಿತು.

ಅಜ್ಜಿ ಅವರನ್ನು ತೋಳು ಹಿಡಿದು ಕರೆತಂದು ನಮ್ಮ ಜಗಲಿಯ ಮೇಲೆ ಕೂರಿಸಿ, ಪಕ್ಕದಲ್ಲಿ ತಾನೂ ಕೂತಳು. ಗಂಡಸರು ಬಂದು ಎದುರಿಗೆ ನಿಂತರು. "ಆ ಹೊಗೆ ನಂದು ಕಣ್ರೋ, ನನ್ನ ಕೊಳಗಕ್ಕೆ ಕಲಾಯಿ ಹಾಕ್ಸಿದ್ದು. ಬಡಿಯೋದಾದ್ರೆ ನಂಗೇ ಬಡೀರಿ" ಎಂದಳು. ಅವಳ ಬಾಯಿಗೆ ಹೆದರದವರು ನಮ್ಮೂರಲ್ಲಿ ಇರಲಿಲ್ಲ. ಆದರೂ ಅವರು ಕದಲಲಿಲ್ಲ. ಹೊಡೆದವನು ಯಾರೆಂದು ತಿಳಿಯಲಿ, ಆಮೇಲೆ ನೋಡಿಕೊಳ್ಳೋಣ ಎಂದು ಕಾದರು. ನಾನು ಬಾಗಿಲ ಹಿಂದೆ ನಿಂತು ದೇವರನ್ನು ಬೇಡಿದೆ… ಹೋದ ಮಹಾತ್ಮರಿಗಾಗಿ ಅಲ್ಲ, ಹೊಡೆದವನು ಸಾಬರ ಪೈಕಿ ಆಗಿರಬಾರದೆಂದು.

ಮಧ್ಯಾಹ್ನ ಶಾಲೆಯ ಮೇಷ್ಟ್ರು ಸೈಕಲ್ಲಿನಲ್ಲಿ ಬಂದರು. ದೇವನಹಳ್ಳಿಯಲ್ಲಿ ಪತ್ರಿಕೆ ಓದಿಕೊಂಡೇ ಬಂದಿದ್ದರು. ಜಗಲಿಯ ಮುಂದಿನ ಗುಂಪು ನೋಡಿ ಅವರಿಗೆ ಎಲ್ಲ ಅರ್ಥವಾಯಿತು. ಇಳಿಯುವ ಮೊದಲೇ, "ಮುಸಲ್ಮಾನ ಅಲ್ಲ ಕಣ್ರಯ್ಯಾ, ಹಿಂದೂನೇ" ಎಂದರು.

ಸಾಬರು ಕೈ ಮುಗಿದರು. "ಮೇಷ್ಟ್ರೇ, ಇನ್ನೊಂದ್ಸಲ ಹೇಳಿ."

ಮೇಷ್ಟ್ರು ಇನ್ನೊಮ್ಮೆ ಹೇಳಿದರು. ನನ್ನ ಎದೆಯ ಮೇಲಿನ ಬಂಡೆ ಇಳಿದಂತಾಯಿತು. ದೇಶವೇ ಸೂತಕದಲ್ಲಿದ್ದ ಆ ಹೊತ್ತಿನಲ್ಲಿ ನನಗೆ ನಗು ಉಕ್ಕಿ ಬಂತು. ಸೆರಗು ಬಾಯಿಗೆ ತುರುಕಿಕೊಂಡೆ. ಗೂಟ ಹಿಡಿದಿದ್ದವನು ಅದನ್ನು ಗೋಡೆಗೆ ಒರಗಿಸಿ, ನಿಲ್ಲಲೂ ಆಗದೆ ಹೋಗಲೂ ಆಗದೆ ನೆಲ ನೋಡುತ್ತಿದ್ದ.

"ಬಚಾವಾದೆ ಕಣಪ್ಪಾ" ಎಂದಳು ಅಜ್ಜಿ.

ಸಾಬರು ಹೆಗಲ ವಲ್ಲಿಯನ್ನು ಮುಖಕ್ಕೆ ಒತ್ತಿಕೊಂಡರು. "ಇಷ್ಟೊತ್ತೂ ಅಳೋಕೂ ಭಯ ಆಗಿತ್ತವ್ವಾ" ಎಂದವರೇ, ಮನೆಯ ಹಿರಿಯರನ್ನು ಕಳೆದುಕೊಂಡವರಂತೆ ಬಿಕ್ಕಿ ಬಿಕ್ಕಿ ಅತ್ತರು. ಆಗಲೇ ನಮಗೂ ಸಾವು ನೆನಪಾಯಿತು. ಅಜ್ಜಿ ಅತ್ತಳು, ನಾನೂ ಅತ್ತೆ.

ಹೊತ್ತು ಇಳಿದಾಗ, ಇಷ್ಟರಲ್ಲಿ ಎತ್ತಿರುತ್ತಾರೆ ಎಂದು ಪಟೇಲರೇ ಅಂದಾಜು ಮಾಡಿದರು. ಗಂಡಸರು ಸೂತಕದ ಸ್ನಾನಕ್ಕೆ ಕೆರೆಗೆ ಹೊರಟರು. ಸಾಬರೂ ಎದ್ದು ಹಿಂದೆ ನಡೆದರು. ಬರಬೇಡ ಎಂದು ಯಾರೂ ಅನ್ನಲಿಲ್ಲ.

ಆಮೇಲೂ ಬಹಳ ವರ್ಷ ಅವರು ಬಂದರು. ಅಜ್ಜಿ ಹುಳುಕು ಹುಡುಕುವುದನ್ನು ಬಿಡಲಿಲ್ಲ. ಅಜ್ಜಿ ಹೋದಳು, ಮನೆಮನೆಗೂ ಸ್ಟೀಲು ಪಾತ್ರೆ ಬಂತು, ಒಂದು ಸುಗ್ಗಿಗೆ ಅವರೂ ಬರಲಿಲ್ಲ. ಎಲ್ಲಿಯವರೆಂದು ನಾವು ಒಮ್ಮೆಯೂ ಕೇಳಿರಲಿಲ್ಲ, ಹಾಗಾಗಿ ಹುಡುಕಲೂ ಆಗಲಿಲ್ಲ… ಮೊನ್ನೆ ಹೋಟೆಲಿನ ಹಿಂದೆ ನಿಂತಾಗ ಅವರಿಲ್ಲವೆಂಬುದು ಹೊಸದಾಗಿ ನೋಯಿತು. ಎಲ್ಲೋ ವಯಸ್ಸಾಗಿ, ತಮ್ಮವರ ನಡುವೆ ಕಣ್ಣು ಮುಚ್ಚಿರುತ್ತಾರೆ. ನಮ್ಮೂರಲ್ಲಿ, ಆ ಗೂಟದ ಏಟಿಗಂತೂ ಅಲ್ಲ. ಅದೊಂದು ಸಮಾಧಾನ ನನಗೆ ಸಾಕು.