ಬಾಗಿಲಿಗೆ ಹತ್ತಿದ ಅಂಟು

ಮೊನ್ನೆ ಸೊಸೆ ಹೊಸ ಸ್ಟೀಲ್ ಡಬ್ಬಿಯ ಮೇಲಿನ ಚೀಟಿ ಕಿತ್ತಳು. ಚೀಟಿ ಬಂತು, ಅದರ ಅಂಟು ಬರಲಿಲ್ಲ. ಉಗುರಿನಿಂದ ಕೆರೆದಳು, ಸಾಬೂನು ಹಚ್ಚಿದಳು, ಕಡೆಗೆ ಹಳೆಯ ಬಟ್ಟೆಗೆ ನಾಲ್ಕು ಹನಿ ಸೀಮೆಎಣ್ಣೆ ಹಾಕಿ ಉಜ್ಜತೊಡಗಿದಳು. ಆ ವಾಸನೆ ಪಡಸಾಲೆಗೆ ಬಂದದ್ದೇ ತಡ, ನನ್ನ ಅಂಗೈ ಬೆವರಿತು. ಎಂಬತ್ತು ದಾಟಿದ ಮುದುಕಿಯ ಎದೆ ಸೀಮೆಎಣ್ಣೆಯ ವಾಸನೆಗೆ ಹೊಡೆದುಕೊಳ್ಳುತ್ತದೆ ಎಂದರೆ ಮನೆಯವರು ನಕ್ಕಾರೆಂದು ಸುಮ್ಮನಿದ್ದೆ. ನೀವು ನಗಲಾರಿರಿ ಎಂದುಕೊಂಡಿದ್ದೇನೆ. ಈಗ ಇಲ್ಲದ ಮನೆಯೊಂದು ನಿಮಗೂ ಇದ್ದಿರಬೇಕು.

ನಮ್ಮ ಮನೆ ಸೇಡಮ್ಮಿನಲ್ಲಿ, ಕಾಗಿಣಾ ಹೊಳೆಗೆ ಹೋಗುವ ಓಣಿಯಲ್ಲಿತ್ತು. ಕಲ್ಲಿನ ಗೋಡೆ, ಕಲ್ಲಿನ ನೆಲ, ಬೇಸಗೆಯಲ್ಲಿ ಬರಿ ಬೆನ್ನು ಊರಿ ಮಲಗಿದರೆ ತಣ್ಣಗೆ. ತಲೆಬಾಗಿಲು ಮಾತ್ರ ಸಾಗವಾನಿಯದು. ವರ್ಷ ವರ್ಷ ಕುಸುಬಿ ಎಣ್ಣೆ ಕುಡಿದು ಕಪ್ಪಾಗಿತ್ತು. ಅಪ್ಪ ತಹಸೀಲ ಕಚೇರಿಯಲ್ಲಿ ಗುಮಾಸ್ತ. ಅಪ್ಪನ ತಾಯಿಯನ್ನು ನಾನು ಆಯಿ ಎನ್ನುತ್ತಿದ್ದೆ. ಅಪ್ಪನ ತಂಗಿ ಶಾಂತತ್ತೆ ಹತ್ತೊಂಬತ್ತಕ್ಕೇ ಗಂಡನನ್ನು ಕಳೆದುಕೊಂಡು ಬಂದವಳು. ಓದು ಬರಹ ಬಲ್ಲವಳು, ಮಾತು ಕಡಿಮೆ. ಅವ್ವ ಹೆರಿಗೆಗೆಂದು ತವರು ಐನಾಪುರಕ್ಕೆ ಹೋಗಿದ್ದಳು. ಎದುರು ಮನೆಯಲ್ಲಿ ಮಸ್ತಾನ ಕಾಕಾ. ಕಚೇರಿಯ ದಫ್ತರಗಳಿಗೆಲ್ಲ ರಟ್ಟು ಕಟ್ಟುವುದು ಅವನ ಕಸುಬು. ಹುಣಸೆಬೀಜ ಬೇಯಿಸಿ ಅರೆದು ಅವನೇ ಅಂಟು ಮಾಡುತ್ತಿದ್ದ. ಹುಳ ತಿನ್ನದಿರಲೆಂದು ಅದಕ್ಕೆ ಚೂರು ಮೈಲುತುತ್ತ ಬೆರೆಸುತ್ತಿದ್ದ. ಅದರಿಂದ ಅಂಟಿಗೂ ಅವನ ಹೆಬ್ಬೆರಳಿಗೂ ಒಂದು ನೀಲಿ ಛಾಯೆ.

ಅದು ನಿಜಾಮರ ಆಳಿಕೆಯ ಕಡೆಯ ಬೇಸಗೆ. ದೊಡ್ಡವರು ಮಾತಾಡುತ್ತಿರುವಾಗ ನಾವು ಮಕ್ಕಳು ಹತ್ತಿರ ಹೋದರೆ ಮಾತು ನಿಲ್ಲುತ್ತಿತ್ತು. ಚಿಂಚೋಳಿಯ ಕಡೆ ಒಬ್ಬ ಗುಮಾಸ್ತನ ಮನೆಯಲ್ಲಿ ಏನೋ ಕಾಗದ ಸಿಕ್ಕಿತೆಂದು ಅವನನ್ನು ಹಿಡಿದೊಯ್ದಿದ್ದರು. ಎಲ್ಲಿಗೆಂದು ಅವನ ಹೆಂಡತಿಗೂ ಗೊತ್ತಿರಲಿಲ್ಲ. ಎದುರುಬದುರಿನ ಮನೆಗಳಲ್ಲೂ ಬಾಗಿಲು ಮುಂಚಿನಷ್ಟು ಹೊತ್ತು ತೆರೆದಿರುತ್ತಿರಲಿಲ್ಲ. ಆಯಿ ಮಸ್ತಾನ ಕಾಕಾನ ಹೆಂಡತಿಯ ಕೂಡ ಕಟ್ಟೆಗೆ ಕೂತು ಎಲೆಅಡಿಕೆ ಹಾಕಿಕೊಳ್ಳುವುದನ್ನು ಬಿಟ್ಟಿದ್ದಳು. ಜಗಳವೇನೂ ಆಗಿರಲಿಲ್ಲ. ಅಂಜಿಕೆ, ಅಷ್ಟೆ.

ಹಾಗಿರುವಾಗ ಒಂದು ಸಂಜೆ ಶಾಂತತ್ತೆ ನನ್ನ ಕೈಗೆ ಬಟ್ಟಲು ಕೊಟ್ಟು, "ನೀಲೂ, ಮಸ್ತಾನ ಕಾಕಾನ ಕಡಿಂದ ಇಷ್ಟು ಅಂಟು ಇಸ್ಕೊಂಡು ಬಾ. ಪುರಾಣದ ಪುಸ್ತಕದ ಹೊದಿಕಿ ಕಿತ್ತ್ಯಾದ ಅಂತ ಹೇಳು" ಎಂದಳು. ಕಾಕಾ ಬಟ್ಟಲು ತುಂಬಿಸಿ ಕೊಟ್ಟ.

ಮರುದಿನ ಬೆಳಿಗ್ಗೆ ಅಂಗಳಕ್ಕೆ ನೀರು ಹಾಕಲು ಹೋದ ಆಯಿ ಚರಿಗೆ ಅಲ್ಲೇ ಬಿಟ್ಟು ಒಳಗೆ ಬಂದಳು. ತಲೆಬಾಗಿಲ ಮೇಲೆ ಒಂದು ಕಾಗದ. ಸಂಸ್ಥಾನ ಹಿಂದುಸ್ಥಾನಕ್ಕೆ ಸೇರಬೇಕು, ಅಂಜಬೇಡಿರಿ ಎಂದು ದಪ್ಪ ಅಕ್ಷರ. ಓಣಿಯ ಇನ್ನೂ ಮೂರು ಬಾಗಿಲಿಗೆ ಅದೇ ಕಾಗದ ಹತ್ತಿತ್ತು. ಆ ಮನೆಗಳವರು ರೈತರು, ಕುಡುಗೋಲಿನಿಂದ ಕೆರೆದು ಹಾಕಿದರು, ಗೆರೆ ಬಿದ್ದವು, ಬಿಟ್ಟರು. ನಮ್ಮದು ಸರ್ಕಾರಿ ಗುಮಾಸ್ತನ ಮನೆ. ಕಾಗದವೂ ಇರುವಂತಿಲ್ಲ, ಕೆರೆದ ಗುರುತೂ ಇರುವಂತಿಲ್ಲ. ಅಪ್ಪ ಕಚೇರಿ ಕೆಲಸಕ್ಕೆ ಚಿತ್ತಾಪುರಕ್ಕೆ ಹೋಗಿದ್ದ, ಮಧ್ಯಾಹ್ನದ ಗಾಡಿಗೆ ಬರುವವನು. ಅಷ್ಟರಲ್ಲಿ ಪೊಲೀಸ್ ಠಾಣೆಯ ಅಮೀನರು ಓಣಿ ಓಣಿ ನೋಡುತ್ತ ಬರುತ್ತಿದ್ದಾರೆಂದು ನೀರಿಗೆ ಹೋಗಿದ್ದ ಹೆಂಗಸರು ಹೇಳಿ ಹೋದರು.

ಆಯಿ ಕಂದೀಲಿನ ಸೀಮೆಎಣ್ಣೆ ಸುರಿದು ಉಜ್ಜಿದಳು. ಕಾಗದದ ಒಂದು ಮೂಲೆಯೂ ಏಳಲಿಲ್ಲ. ಓಣಿಯ ತುಂಬ ವಾಸನೆ ಮಾತ್ರ ಹರಡಿತು. ಬೂದಿ ಹಾಕಿದಳು, ಬೂದಿ ಎಣ್ಣೆಗೆ ಕಲೆತು ಕೆಸರಾಯಿತು. ಶಾಂತತ್ತೆ ಗೋಡೆಗೆ ಆತು ನಿಂತಿದ್ದಳು. ಒಮ್ಮೆಲೆ, "ಮಸ್ತಾನಣ್ಣನ್ನ ಕರೀತೀನಿ" ಎಂದಳು.

"ಹುಚ್ಚಿ ಇದ್ದೀಯೇನು? ಅಮೀನರು ಕೂತೇಳೂದು ಅವರ ಮಂದ್ಯಾಗ" ಎಂದಳು ಆಯಿ.

ಅತ್ತೆ ಸೆರಗು ಹೊದ್ದು ಎದುರು ಮನೆಗೆ ನಡೆದಳು.

ಕಾಕಾ ಬಂದು ಬಾಗಿಲ ಹತ್ತಿರ ಬಗ್ಗಿ ನೋಡಿದ. ಕಾಗದದ ಅಂಚಿನಲ್ಲಿ ಒಸರಿ ಒಣಗಿದ ಅಂಟನ್ನು ಬೆರಳಲ್ಲಿ ಮುಟ್ಟಿದ, ಮೂಸಿದ. ಅದರಲ್ಲಿ ನೀಲಿ ಇತ್ತು, ಅವನದೇ ಅಂಟು. ಅವನು ತಲೆ ಎತ್ತಿ ಮೊದಲು ನನ್ನನ್ನು, ಆಮೇಲೆ ಶಾಂತತ್ತೆಯನ್ನು ನೋಡಿದ. ಹಿಂದಿನ ಸಂಜೆಯ ಬಟ್ಟಲು ನನಗೆ ಆಗ ನೆನಪಾಯಿತು. ಅತ್ತೆ ನೆಲ ನೋಡುತ್ತಿದ್ದಳು. ಕಾಕಾ ಒಂದು ಮಾತು ಆಡಿದರೆ ಅವನ ಮನೆ ಉಳಿಯುತ್ತಿತ್ತು, ನಮ್ಮದು ಹೋಗುತ್ತಿತ್ತು. ಆಡದೆ ಸಿಕ್ಕಿಬಿದ್ದರೆ ಎರಡೂ ಹೋಗುತ್ತಿದ್ದವು.

"ಕೆರೀಬ್ಯಾಡ್ರಿ ಅವ್ವ," ಎಂದ ಆಯಿಗೆ. "ಇದು ಎಣ್ಣಿಗಿ ಜಗ್ಗೂದಿಲ್ಲ. ನೀರಾಗ ಮಾಡಿದ ಅಂಟು ನೀರಿಗೇ ಬಿಡಬೇಕು. ಬಿಸಿನೀರು, ದಪ್ಪನ ಅರಿವಿ ತರ್ರಿ."

ಅತ್ತೆ ಹಂಡೆಯಿಂದ ನೀರು ತಂದಳು. ಅವನು ಹಳೆಯ ಧೋತರದ ತುಂಡನ್ನು ನಾಲ್ಕು ಮಡಿಕೆ ಮಾಡಿ, ಅದ್ದಿ ಹಿಂಡಿ, ಕಾಗದದ ಮೇಲೆ ಒತ್ತಿ ಹಿಡಿದು ನಿಂತ.

"ಈಗ?" ಎಂದಳು ಆಯಿ.

"ಈಗ ತಡೀಬೇಕು. ನೆನೀಲಿ."

ಆ ತಡೆಯುವುದಿತ್ತಲ್ಲ, ಅದರಷ್ಟು ಉದ್ದದ ಹೊತ್ತನ್ನು ನಾನು ಮತ್ತೆ ಕಾಣಲಿಲ್ಲ. ಬಟ್ಟೆ ಆರಿದರೆ ಮತ್ತೆ ಬಿಸಿನೀರು, ಮತ್ತೆ ಒತ್ತುವುದು. ಆಯಿ ಓಣಿಯ ತಿರುವಿನ ಕಡೆ ನೋಡುವಳು, ಬಾಯಲ್ಲಿ ಬಸವಾ ಬಸವಾ ಎನ್ನುವಳು. ಅವನು ಮಾತ್ರ ಬಾಗಿಲಿಗೆ ಹಣೆ ತಾಗುವಷ್ಟು ಹತ್ತಿರ ನಿಂತು ಅವಸರ ಮಾಡಲಿಲ್ಲ. ಮೂರನೆಯ ಸಲ ಬಟ್ಟೆ ತೆಗೆದಾಗ ಕಾಗದದ ಮೂಲೆ ತಾನೇ ಸುರುಳಿಯಾಗಿತ್ತು. ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಎಳೆದ, ಇಡಿಯಾಗಿ ಬಂತು. ಕೆಳಗೆ ಲೋಳೆಯಂತೆ ನಿಂತಿದ್ದ ಅಂಟನ್ನು ಬಿಸಿ ಅರಿವೆಯಿಂದ ಒಂದೇ ದಿಕ್ಕಿಗೆ ಒರೆಸಿದ. "ಬೆರಳಿಟ್ಟು ನೋಡು ನೀಲೂ, ಜಿಗಿ ಹತ್ತತದೇನು?" ಎಂದ. ನಾನು ಮುಟ್ಟಿ ನೋಡಿದೆ. ಇನ್ನೂ ಹತ್ತುತ್ತಿತ್ತು. ಮತ್ತೊಮ್ಮೆ ಒರೆಸಿದ.

ಅಷ್ಟರಲ್ಲಿ ತಿರುವಿನಲ್ಲಿ ಕುದುರೆ ಕಂಡಿತು. ಒದ್ದೆ ಕಾಗದ ಒಲೆಯಲ್ಲೂ ಉರಿಯದು. ಕಾಕಾ ಅದನ್ನು ಮುದ್ದೆ ಮಾಡಿ ತನ್ನ ಜುಬ್ಬದ ಜೇಬಿಗೇ ಹಾಕಿಕೊಂಡ.

ಅಮೀನರು ಕುದುರೆಯಿಂದ ಇಳಿಯದೆ ಒದ್ದೆ ಬಾಗಿಲು ನೋಡಿದರು. "ಇದೇನು?" ಎಂದರು.

"ಸೊಸಿ ಕೂಸಿನ್ನ ಕರ್ಕೊಂಡು ಬರೂಳಿದ್ದಾಳ್ರಿ. ಬಾಗಲಾ ತೊಳ್ಯಾಕತ್ತೀವಿ" ಎಂದಳು ಆಯಿ.

"ಮಸ್ತಾನ, ನೀನು?"

"ಗುಮಾಸ್ತರ ಕಡಿ ದಫ್ತರದ ಕೆಲಸ ಇತ್ರಿ ಹುಜೂರ್. ಮುದುಕಿ ಒಬ್ಬಾಕಿನೇ ಉಜ್ಜಾಕತ್ತಿದ್ಳು, ಕೈ ಹಚ್ಚಿದೆ."

ಅವನ ಜೇಬಿನಿಂದ ನೀರು ಇಳಿದು ಜುಬ್ಬದ ಮೇಲೆ ಅಂಗೈಯಷ್ಟು ಒದ್ದೆಯಾಗುತ್ತಿತ್ತು. ನಾನು ಅದನ್ನೇ ನೋಡುತ್ತಿದ್ದೆ. ಶಾಂತತ್ತೆ ನನ್ನ ಗದ್ದ ಹಿಡಿದು ಮುಖ ತನ್ನ ಕಡೆ ತಿರುಗಿಸಿಕೊಂಡಳು. ಅಮೀನರು ಕಣ್ಣಳತೆಯಲ್ಲಿ ಎಲ್ಲ ನೋಡಿ, ಕುಡುಗೋಲಿನ ಗೆರೆ ಬಿದ್ದ ಮುಂದಿನ ಬಾಗಿಲ ಕಡೆ ಹೋದರು. ಆ ಮನೆಯವನನ್ನು ಠಾಣೆಗೆ ಕರೆದೊಯ್ದು ಮೂರು ದಿನ ಕೂರಿಸಿಕೊಂಡರು. ಅವನು ಬಾತ ಮೋರೆ ಹೊತ್ತು ಮರಳಿದ ದಿನ ಅತ್ತೆ ಊಟ ಮಾಡಲಿಲ್ಲ.

ಆಯಿ ಮಸ್ತಾನ ಕಾಕಾನಿಗೆ ಕುಡಿಯಲು ಮಜ್ಜಿಗೆ ಕೊಟ್ಟಳು. ತನ್ನ ಸಂಶಯದ ಮಾತು ಅವನಿಗೆ ಕೇಳಿಸಿತ್ತೇನೋ ಎಂಬ ಅಳುಕು ಅವಳಿಗೆ. ಹೋಗುವಾಗ ಅವನು ಅತ್ತೆಗೆ ಇಷ್ಟೇ ಹೇಳಿದ: "ತಂಗಿ, ಪುಸ್ತಕದ ಹೊದಿಕಿ ಇನ್ನೊಮ್ಮೆ ಕಿತ್ತರ ನನಗ ಹೇಳು, ನಾನೇ ಬಂದು ಹಚ್ಚತೀನಿ." ಓಣಿಯ ಬೇರೆ ಬಾಗಿಲಿಗೆ ಹಚ್ಚಿ ನಮ್ಮದನ್ನು ಬಿಟ್ಟರೆ ನಮ್ಮ ಮೇಲೇ ಸಂಶಯ ಬರುತ್ತದೆಂದು ನಾನೇ ನಮ್ಮ ಬಾಗಿಲಿಗೂ ಹಚ್ಚಿದೆ ಎಂದು ಅತ್ತೆ ನನಗೆ ಹೇಳಿದ್ದು ಎಷ್ಟೋ ವರ್ಷದ ಮೇಲೆ. ಆಯಿಗೆ ಕಡೆಯವರೆಗೂ ಗೊತ್ತಾಗಲಿಲ್ಲ.

ಮಳೆಗಾಲ ಮುಗಿಯುವ ಹೊತ್ತಿಗೆ ಹಿಂದುಸ್ಥಾನದ ಸೈನ್ಯ ಬಂದು ರಾಜ್ಯ ಬದಲಾಯಿತು. ಅಂಜಿಕೆ ಹೋಗಲಿಲ್ಲ, ಎದುರು ಮನೆಗೆ ಹೋಯಿತು. ಮುಸಲ್ಮಾನರ ಮನೆಗಳ ಮೇಲೆ ಮಂದಿ ಬೀಳುತ್ತಿದ್ದಾರೆಂಬ ಸುದ್ದಿಗೆ ಈಗ ಅವರ ಬಾಗಿಲು ಹಗಲೆಲ್ಲ ಮುಚ್ಚಿರುತ್ತಿತ್ತು. ಅವರನ್ನು ನಮ್ಮ ಒಳಮನೆಯಲ್ಲಿ ಇಟ್ಟುಕೊಳ್ಳೋಣ ಎಂದು ಶಾಂತತ್ತೆ ಅಪ್ಪನ ಮುಂದೆ ನಿಂತು ಕೇಳಿದಳು. ಅಪ್ಪ ಕೆಟ್ಟವನಲ್ಲ. "ಎರಡು ದಿನ ನೋಡೂಣು, ಗಲಾಟಿ ತಣ್ಣಗಾಗ್ಲಿ" ಎಂದ. ಎರಡನೆಯ ದಿನ ಮಧ್ಯಾಹ್ನ ಅಪ್ಪ ತಾನೇ ಆಗಲಿ ಎಂದು ತಲೆಯಾಡಿಸಿದಾಗ ಅತ್ತೆ ಓಡಿದಳು. ಬೀಗ ಹಾಕಿತ್ತು. ಹೈದರಾಬಾದಿನ ಗಾಡಿಗೆ ಹೋದರೆಂದು ಯಾರೋ ಹೇಳಿದರು.

ಆಮೇಲೆ ಅತ್ತೆ ನಲವತ್ತು ವರ್ಷ ಬದುಕಿದಳು. ಹೈದರಾಬಾದಿನಿಂದ ಯಾರು ಬಂದರೂ, ಪುಸ್ತಕಕ್ಕೆ ರಟ್ಟು ಕಟ್ಟುವ ಮಸ್ತಾನಣ್ಣ ಅಂತ ಒಬ್ಬರು, ಕಂಡೀರೇನು ಎಂದು ಕೇಳುತ್ತಿದ್ದಳು. ಅಷ್ಟು ದೊಡ್ಡ ಊರಾಗ ಯಾರ್ನಂತ ಹುಡುಕೂದವ್ವ ಎನ್ನುತ್ತಿದ್ದರು ಅವರು. ಅತ್ತೆ ತಲೆಯಾಡಿಸಿ, ಅವರಿಗೆ ನೀರು ಕೊಟ್ಟು, ಮುಂದಿನವರು ಬರುವುದನ್ನು ಕಾಯುತ್ತಿದ್ದಳು.