ದೇರಾದ ಮನೆಗೊಂದು ತೆನೆ

ಆ ಶನಿವಾರ ಬೆಳಿಗ್ಗೆ ನನ್ನ ಗಂಡ ಕಾರಿನ ಕೀಲಿಕೈಯನ್ನು ಜೇಬಿಗೆ ಹಾಕಿಕೊಂಡು ಸೋಫಾದಲ್ಲಿ ಗಟ್ಟಿಯಾಗಿ ಕೂತರು. ಅಬುಧಾಬಿಗೆ ಬಂದು ಹದಿನೇಳು ವರ್ಷವಾಯಿತು. ಆ ಕೀಲಿಕೈ ಹೋದಲ್ಲಿಗೆ ನಾನೂ ಹೋಗಿದ್ದೇನೆ: ಇಗರ್ಜಿಗೆ, ಮಕ್ಕಳ ಶಾಲೆಗೆ, ತಿಂಗಳ ಸಾಮಾನಿಗೆ. ಈ ದೇಶದಲ್ಲಿ ಅದು ಹೋಗದಲ್ಲಿಗೆ ಒಮ್ಮೆಯೂ ಹೋಗಿರಲಿಲ್ಲ.

“ನಾನು ಬರುದಿಲ್ಲ ಮಾರಾಯ್ತಿ. ನಾಳೆ ನಿನ್ನ ಅಣ್ಣ ಫೋನ್ ಮಾಡಿ, ಭಾವ, ನೀವೂ ಇದಕ್ಕೆ ಸೇರಿದ್ರಾ ಅಂತ ನನ್ನನ್ನೇ ಕೇಳುದು.”

“ಬರುದು ಬೇಡ. ನನಗೆ ಕಾಲುಂಟು.”

ಮಗಳು ಫೋನಿನಿಂದ ತಲೆ ಎತ್ತದೆ ಹೇಳಿದಳು, “ಮಮ್ಮಾ, ಜಸ್ಟ್ ಕೊರಿಯರ್ ಇಟ್.”

“ಕೊರಿಯರಿನವನು ಬಾಗಿಲಲ್ಲಿ ಇಟ್ಟು ಹೋಗ್ತಾನೆ. ಇದು ಇಟ್ಟು ಹೋಗುವ ವಸ್ತು ಅಲ್ಲ.”

ಅವಳ ಹಳೆಯ ಪೆನ್ಸಿಲ್ ಡಬ್ಬಿಯನ್ನು ಕೈಚೀಲಕ್ಕೆ ಹಾಕಿಕೊಂಡು ನಾನು ಚಪ್ಪಲಿ ಮೆಟ್ಟಿದೆ. ಡಬ್ಬಿಯೊಳಗೆ ಒಂದೇ ಒಂದು ಭತ್ತದ ತೆನೆ ಇತ್ತು.

ಗೊತ್ತಿಲ್ಲದವರಿಗಾಗಿ ಹೇಳುತ್ತೇನೆ. ಸೆಪ್ಟೆಂಬರ್ ಎಂಟು ಯೇಸುವಿನ ತಾಯಿ ಮರಿಯಮ್ಮನವರ ಹುಟ್ಟುಹಬ್ಬ. ಕರಾವಳಿಯ ಕ್ರೈಸ್ತರಾದ ನಮಗೆ ಅದೇ ತೆನೆಹಬ್ಬ. ಒಂಬತ್ತು ದಿನ ಮಕ್ಕಳು ಬಾಲೆ ಮರಿಯಮ್ಮನಿಗೆ ಹೂ ಹಾಕುತ್ತಾರೆ. ಹಬ್ಬದ ದಿನ ಪಾದ್ರಿಗಳು ಹೊಸ ತೆನೆಗಳನ್ನು ಆಶೀರ್ವದಿಸಿದ ಮೇಲೆ ಮನೆಗೊಂದರಂತೆ ಹಂಚುತ್ತಾರೆ. ಅದರ ಕಾಳು ಸುಲಿದು, ಅರೆದು, ತೆಂಗಿನ ಹಾಲಿಗೆ ಬೆರೆಸಿ, ಮನೆಯ ಹಿರಿಯರು ಪ್ರತಿಯೊಬ್ಬರಿಗೂ ಕೊಡುತ್ತಾರೆ. ತೆನೆ ಮನೆಗೆ ಬಂದ ದಿನ ಮೀನು ಹೊಸ್ತಿಲ ಆಚೆ. ತರಕಾರಿಯ ಪದಾರ್ಥಗಳು ಬೆಸ ಸಂಖ್ಯೆಯಲ್ಲಿರಬೇಕು: ಐದು, ಏಳು, ಕೈಲಾದವರಿಗೆ ಒಂಬತ್ತು. ದೂರ ಇರುವವರ ಪಾಲಿನ ಕಾಳನ್ನು ಕಾಗದದಲ್ಲಿ ಕಟ್ಟಿ ಕಳಿಸುತ್ತಾರೆ. ಕಾಳು ಬಂತೋ, ನೀನು ಆ ಮನೆಯವಳು. ಬರಲಿಲ್ಲವೋ, ಅಲ್ಲ.

ನನ್ನ ತಮ್ಮನಿಗೆ ನಾಲ್ಕು ವರ್ಷದಿಂದ ಕಾಳು ಬಂದಿರಲಿಲ್ಲ.

ಅವನು ದುಬೈಯ ಹಳೆಯ ಪೇಟೆ ದೇರಾದಲ್ಲಿ ಒಂದು ಕಾರ್ಗೋ ಕಂಪನಿಯಲ್ಲಿದ್ದಾನೆ. ಅಲ್ಲೇ ಪರಿಚಯವಾದ ಫಿಲಿಪೈನ್ಸಿನ ಹುಡುಗಿಯನ್ನು, ಅವಳ ಊರಿನ ಇಗರ್ಜಿಯಲ್ಲಿ, ನಮಗೆ ಹೇಳದೆ ಮದುವೆಯಾದ. ನಮಗೆ ಬಂದದ್ದು ಫೋಟೋ. ಹುಡುಗಿ ಕ್ರೈಸ್ತಳೇ, ನಮ್ಮದೇ ಜಪಸರ, ನಮ್ಮದೇ ಪೂಜೆ. ಆದರೂ ಅಣ್ಣ ಒಂದೇ ಮಾತಿನಲ್ಲಿ ಮುಗಿಸಿಬಿಟ್ಟ: “ನಮ್ಮನ್ನು ಕರೆಯದೆ ಮದುವೆ ಆದವನಿಗೆ ನಮ್ಮ ಕಾಳು ಎಂತಕ್ಕೆ?” ಅಪ್ಪ ಅಮ್ಮ ಇಬ್ಬರೂ ತೀರಿಹೋಗಿದ್ದರು, ಮೇಜಿನ ತುದಿಯ ಕುರ್ಚಿ ಅಣ್ಣನದಾಗಿತ್ತು. ನಾನೂ ಸುಮ್ಮನಿದ್ದೆ. ಪ್ರತಿ ವರ್ಷ ನಮ್ಮ ಪಾಲಿನ ಕಾಳು ಅಬುಧಾಬಿಗೆ ಬರುತ್ತಿತ್ತು, ನಾನು ತಿನ್ನುತ್ತಿದ್ದೆ.

ಈ ವರ್ಷ ಹಬ್ಬಕ್ಕೆ ಊರಿಗೆ ಹೋದೆ. ನಮ್ಮ ಮನೆ ಇರುವುದು ಉಡುಪಿಯ ಕಡೆ, ಹೊಳೆಯ ನಡುವಿನ ಕುದ್ರುವಿನಲ್ಲಿ. ಇನ್ನೂ ಸೇತುವೆ ಬಂದಿಲ್ಲ, ದೋಣಿಯೇ ಗತಿ. ಹಬ್ಬದ ದಿನ ಆಚೆ ದಡದ ಇಗರ್ಜಿಯಿಂದ ಕುದ್ರುವಿನ ಮನೆಗಳ ತೆನೆಗಳೆಲ್ಲ ಒಂದೇ ದೋಣಿಯಲ್ಲಿ ಹೊಳೆ ದಾಟುತ್ತವೆ, ಹೆಂಗಸರು ಹಾಡು ಹೇಳುತ್ತಾರೆ. ದೋಣಿ ಹತ್ತದ ತೆನೆ ನಮ್ಮಲ್ಲಿ ತೆನೆಯೇ ಅಲ್ಲ.

ಇಗರ್ಜಿಯ ಅಂಗಳದಲ್ಲಿ ಅಣ್ಣ ಮನೆಯ ತೆನೆ ತೆಗೆದುಕೊಂಡು ಪಾದ್ರಿಗಳ ಜೊತೆ ಮಾತಿಗೆ ನಿಂತ. ಆಗ ನಾನು ಸಾಲಿನ ಕೊನೆಗೆ ಹೋಗಿ ಮತ್ತೊಮ್ಮೆ ನಿಂತೆ. ಹಂಚುತ್ತಿದ್ದವರು ಇಗರ್ಜಿಯ ನಮ್ಮ ವಾರ್ಡಿನ ಮನೆಗಳನ್ನು ನೋಡಿಕೊಳ್ಳುವ ಗುರಿಕಾರರು, ಚಿಕ್ಕಂದಿನಿಂದ ನನ್ನನ್ನು ಬಲ್ಲವರು.

“ನಿಮ್ಮ ಮನೆಯದ್ದು ಆಯ್ತಲ್ಲ ಬಾಯಮ್ಮ?”

“ಇದು ಬೇರೆ ಮನೆಗೆ.”

“ಯಾವ ಮನೆ?”

“ನನ್ನ ತಮ್ಮನ ಮನೆ. ದೇರಾ.”

“ದೇರಾ ಯಾವ ವಾರ್ಡು?”

“ಸಮುದ್ರದ ಆಚೆಯ ವಾರ್ಡು.”

ಅವರು ನನ್ನ ಮುಖ ನೋಡಿದರು, ದೂರದಲ್ಲಿದ್ದ ಅಣ್ಣನ ಬೆನ್ನು ನೋಡಿದರು. ಬುಟ್ಟಿಯಲ್ಲಿ ಹುಡುಕಿ, ಕಾಳು ತುಂಬಿದ ಒಂದು ತೆನೆಯನ್ನು ನನ್ನ ಕೈಯಲ್ಲಿಟ್ಟು, “ಸೆರಗಿನೊಳಗೆ ಇಡು” ಎಂದರು. ದೇವರು ಒಳ್ಳೆಯವರನ್ನು ಗುರಿಕಾರರನ್ನಾಗಿ ಮಾಡುವುದೂ ಉಂಟು.

ಆ ಮಧ್ಯಾಹ್ನ ಅಣ್ಣ ನನ್ನ ಮುಂದೆ ತೆಂಗಿನ ಹಾಲಿನ ಬಟ್ಟಲು ಹಿಡಿದಾಗ ನಾನು ಅಂಗೈ ಅಡ್ಡ ಇಟ್ಟೆ.

“ನನ್ನದು ದೇರಾದಲ್ಲಿ.”

“ದೇರಾದಲ್ಲಿ ಯಾರಿದ್ದಾರೆ ನಿನಗೆ?”

“ನಮ್ಮ ಅಮ್ಮನ ಕೊನೇ ಮಗ.”

ಅಣ್ಣ ಬಟ್ಟಲನ್ನು ಮುಂದಿನವರಿಗೆ ದಾಟಿಸಿದ. ಮರುದಿನ ನಾನು ಹೊರಟಾಗ ದೋಣಿ ಕಡವಿನ ತನಕವೂ ಬರಲಿಲ್ಲ. ದೋಣಿಯಲ್ಲಿ ಹೊಳೆ ದಾಟಿ, ಉಡುಪಿಯಿಂದ ಮಂಗಳೂರಿಗೆ ರೈಲು ಹಿಡಿದು, ಏರ್‌ಪೋರ್ಟ್ ಸೇರಿದೆ. ಅಲ್ಲಿ ತಪಾಸಣೆಯ ಹೆಂಗಸು ಡಬ್ಬಿ ಬಿಚ್ಚಿಸಿ, “ಯೇ ಕ್ಯಾ ಹೈ?” ಎಂದಳು. “ಪ್ರಸಾದ್” ಎಂದೆ. ಅವಳು ಡಬ್ಬಿಯನ್ನು ಹಣೆಗೆ ಮುಟ್ಟಿಸಿ ವಾಪಸು ಕೊಟ್ಟಳು. ವಿಮಾನದಲ್ಲಿ ಕಿಟಕಿಯ ಪಕ್ಕದ ಸೀಟು ಸಿಕ್ಕಿತು. ಕೆಳಗಿನ ಸಮುದ್ರ ಮೋಡದಲ್ಲಿ ಮುಚ್ಚಿಕೊಂಡಿತ್ತು. ನೀರಿಗೆ ಹೆದರುವ ನನಗೆ ಅದೂ ಒಂದು ಉಪಕಾರವೇ.

ಅಬುಧಾಬಿಗೆ ಮುಟ್ಟಿದ ಮೇಲೆ ತಮ್ಮನಿಗೆ ಮೆಸೇಜು ಹಾಕಿದೆ: “ಶನಿವಾರ ನಿಮ್ಮ ಮನೆಗೆ ತೆನೆ ತರುತ್ತೇನೆ. ಮೀನು ಮಾಡಬೇಡ.” ಉತ್ತರವಾಗಿ ಒಂದು ಫೋಟೋ ಬಂತು. ದೇರಾದ ಮೀನು ಮಾರ್ಕೆಟಿನಲ್ಲಿ ಮೊಳದುದ್ದದ ಅಂಜಲ್ ಮೀನು, ಅದರ ಬಾಲ ಹಿಡಿದ ಅವನ ಕೈ.

ಹಾಗಾಗಿ ಅವತ್ತು ನಾನು ಹೊರಟದ್ದು ಆ ಮೀನಿನ ಮೇಲೆ ಯುದ್ಧಕ್ಕೆ. ಅವನು ತೆನೆಯನ್ನು ಒಳಗೆ ಕರೆದುಕೊಳ್ಳುತ್ತಾನೋ ಇಲ್ಲವೋ, ಅದೊಂದೇ ಪ್ರಶ್ನೆ. ನಾನು ಇನ್ನೂ ಹೊಸ ಅಕ್ಕಿ ಬಾಯಿಗೆ ಹಾಕಿರಲಿಲ್ಲ. ಅವನು ತಿನ್ನದಿದ್ದರೆ ನಾನೂ ತಿನ್ನುವುದಿಲ್ಲ ಎಂದು ಮರಿಯಮ್ಮನಿಗೆ ಹೇಳಿಯಾಗಿತ್ತು.

ಎಲೆಕ್ಟ್ರಾ ಸ್ಟ್ರೀಟಿನ ಹಿಂದಿನ ನಮ್ಮ ಬಿಲ್ಡಿಂಗಿನಿಂದ ಬಸ್‌ಸ್ಟ್ಯಾಂಡಿಗೆ ಟ್ಯಾಕ್ಸಿ ಹಿಡಿದೆ. ದುಬೈ ಬಸ್ಸಿನಲ್ಲಿ ಮುಂದಿನ ಸೀಟುಗಳು ಹೆಂಗಸರಿಗೆ. ಪಕ್ಕದಲ್ಲಿ ಕೂತ ಕೇರಳದ ನರ್ಸು ಬಸ್ಸು ಹೊರಡುವ ಮೊದಲೇ ನಿದ್ದೆ ಹೋಗಿ ನನ್ನ ಭುಜಕ್ಕೆ ಒರಗಿದಳು. ನಾನು ಒರಗಲು ಬಿಟ್ಟೆ. ಒಂದು ಜಪಸರ ಪೂರ್ತಿ ಮುಗಿಯುವಾಗ ಕಿಟಕಿಯಾಚೆ ಇನ್ನೂ ಮರಳೇ ಇತ್ತು. ಎರಡನೆಯದು ಶುರು ಮಾಡಿದೆ.

ದುಬೈಯಲ್ಲಿ ಬಸ್ಸಿಳಿದು ಮೆಟ್ರೋ ಹತ್ತಿದ ಮೇಲೆ ಒಂದು ಪೆಟ್ಟು ಬಿತ್ತು. ಹೆಂಗಸರ ಬೋಗಿ ಎಂದು ನಾನು ಹೋಗಿ ಕೂತದ್ದು ಪಕ್ಕದ ಗೋಲ್ಡ್ ಕ್ಲಾಸಿನಲ್ಲಿ. ಸೀಟು ಎಷ್ಟು ಮೆತ್ತಗಿದೆ ಎಂದು ದೇವರಿಗೆ ಸ್ತೋತ್ರ ಹೇಳುತ್ತಿರುವಾಗಲೇ ಟಿಕೆಟ್ ನೋಡುವವನು ಬಂದ.

“ಮೇಡಂ, ದಿಸ್ ಈಸ್ ಗೋಲ್ಡ್.”

“ಸಾರಿ ಬಾಬಾ. ಫಸ್ಟ್ ಟೈಮ್.”

“ಫಸ್ಟ್ ಟೈಮ್ ಇನ್ ದುಬೈ?”

“ಫಸ್ಟ್ ಟೈಮ್ ಅಲೋನ್.”

ಅವನು ದಂಡ ಹಾಕಬಹುದಿತ್ತು. ನಕ್ಕು ಪಕ್ಕದ ಬಾಗಿಲು ತೋರಿಸಿದ. ಹೆಂಗಸರ ಕಡೆ ಸೀಟಿರಲಿಲ್ಲ. ನಿಂತೇ ಹೋದೆ, ಡಬ್ಬಿ ಎದೆಗೊತ್ತಿಕೊಂಡು.

ಮಧ್ಯೆ ಒಂದು ಕಡೆ ರೈಲು ಬದಲಿಸಬೇಕು. ಆ ರೈಲು ಊರಿನ ನಡುವೆ ಹರಿದುಬಂದ ಸಮುದ್ರದ ಖಾಡಿಯ ನೀರಿನಡಿಯ ಸುರಂಗದಲ್ಲಿ ನುಗ್ಗಿ ಸೀದಾ ದೇರಾಕ್ಕೆ ಹೋಗುತ್ತದೆ; ಕಣ್ಣು ಮುಚ್ಚಿ ಕೂತರೆ ಸಾಕು. ಆದರೆ ನಮ್ಮ ಮನೆತನದ ತೆನೆ ಎಂದೂ ನೀರಿನಡಿಯಲ್ಲಿ ಬಂದದ್ದಿಲ್ಲ. ಖಾಡಿಯ ಈಚೆ, ಬರ್ ದುಬೈ ಕಡೆಯಲ್ಲೇ ಇಳಿದು, ದಾರಿ ಕೇಳುತ್ತಾ ಅಬ್ರಾ ಕಟ್ಟೆಗೆ ನಡೆದೆ. ಅಬ್ರಾ ಎಂದರೆ ಒಂದು ದಿರಹಮಿಗೆ ಖಾಡಿ ದಾಟಿಸುವ ಮರದ ದೋಣಿ. ಮಧ್ಯದಲ್ಲಿ ಬೆಂಚು, ಮೇಲೊಂದು ಚಪ್ಪರ, ಬದಿಗೆ ಹಿಡಿಯಲು ಏನೂ ಇಲ್ಲ.

ಹದಿಮೂರು ವರ್ಷದವಳಿದ್ದಾಗ ಕುದ್ರುವಿನ ದೋಣಿಯಿಂದ ಒಮ್ಮೆ ಹೊಳೆಗೆ ಬಿದ್ದಿದ್ದೆ. ಅಂದಿನಿಂದ ದೋಣಿ ಹತ್ತಿದರೆ ತಮ್ಮನ ಅಂಗಿಯ ತುದಿ ಹಿಡಿಯಲೇಬೇಕು. ಅವನಿಗೆ ಆಗ ಏಳು ವರ್ಷ. “ಹಿಡಿ, ಹಿಡಿ, ಹರಿಯಬೇಡ” ಎನ್ನುತ್ತಿದ್ದ. ಮದುವೆಯಾಗಿ ಕುದ್ರು ಬಿಡುವ ದಿನವೂ ರೇಷ್ಮೆ ಸೀರೆಯುಟ್ಟು ಅವನ ಅಂಗಿ ಹಿಡಿದೇ ದಾಟಿದ್ದೆ. ಆಮೇಲೆ ಊರಿಗೆ ಹೋದಾಗಲೆಲ್ಲ ಯಾರಾದರೊಬ್ಬರ ತೋಳು ಸಿಗುತ್ತಿತ್ತು.

“ಯಲ್ಲಾ, ಅಮ್ಮಾ, ಜಲ್ದಿ!” ದೋಣಿಯವನು ಕೂಗಿದ. ಕಟ್ಟೆಗೂ ದೋಣಿಗೂ ನಡುವೆ ಒಂದು ಗೇಣು ನೀರು ಬಾಯಿ ತೆರೆಯುತ್ತಿತ್ತು, ಮುಚ್ಚುತ್ತಿತ್ತು.

ಮರಿಯಮ್ಮಾ, ಇದು ನಿನ್ನ ಹಬ್ಬದ ಕೆಲಸ. ಬಿದ್ದರೆ ನಿನಗೇ ಮರ್ಯಾದೆ ಇಲ್ಲ. ಹೀಗೆ ಹೇಳಿ ಕಾಲಿಟ್ಟೆ.

ಹಿಡಿಯಲು ಯಾರ ಅಂಗಿಯೂ ಇರಲಿಲ್ಲ. ದೋಣಿ ಬಳುಕಿತು. ಖಾಡಿಯ ನಡುವೆ ದೊಡ್ಡ ಬೋಟೊಂದು ಅಲೆ ಎಬ್ಬಿಸಿ ಹೋದಾಗ ನೀರು ಚಿಮ್ಮಿ ಪಾದಕ್ಕೆ ಬಿತ್ತು. ಬೆಚ್ಚಗಿತ್ತು. ನಾನು ಹಬ್ಬದ ಹಾಡನ್ನು ಮೆಲ್ಲಗೆ ಹಾಡಿದೆ. ಎದುರಿನ ಪಠಾಣರೊಬ್ಬರು ತಮ್ಮ ಮೂಟೆಯನ್ನು ಸರಿಸಿ ನನಗೆ ಕಾಲಿಡಲು ಜಾಗ ಮಾಡಿಕೊಟ್ಟರು.

ತಮ್ಮನದು ದೇರಾದ ಹಳೆಯ ಬಿಲ್ಡಿಂಗಿನ ನಾಲ್ಕನೇ ಮಹಡಿ. ಒಂದು ಫ್ಲಾಟಿನಲ್ಲಿ ಮೂರು ಸಂಸಾರ, ಅವರದ್ದು ಬಾಲ್ಕನಿ ಇರುವ ಒಂದು ಕೋಣೆ. ಬಾಗಿಲು ತೆಗೆದವಳು ಅವನ ಹೆಂಡತಿ. ವಿಡಿಯೋದಲ್ಲಿ ಮಾತ್ರ ನೋಡಿದ್ದ ಮುಖ.

“ಅಕ್ಕಾ, ಬನ್ನಿ,” ಎಂದಳು, ಕಲಿತು ಇಟ್ಟುಕೊಂಡಿದ್ದ ಕನ್ನಡದಲ್ಲಿ. ಆಮೇಲೆ ಗುಟ್ಟಾಗಿ, “ಫಿಶ್ ಈಸ್ ಇನ್ ಫ್ರೀಜರ್. ಹೀ ಸೇ ಕುಕ್. ಐ ಸೇ ಫ್ರೀಜರ್.”

ತಮ್ಮ ಬಾಲ್ಕನಿಯಲ್ಲಿ ಬೆನ್ನು ಹಾಕಿ ನಿಂತಿದ್ದ.

“ತೆನೆ ಬಂದಿದೆ,” ಎಂದೆ.

“ಮನೆಗೆ ಬರುದಲ್ವಾ ತೆನೆ? ಇದು ಮನೆಯಾ? ಬಾಡಿಗೆ ರೂಮು. ಟಾಯ್ಲೆಟ್ಟಿಗೆ ಕ್ಯೂ ಉಂಟು ಇಲ್ಲಿ.”

“ಇಗರ್ಜಿಯಲ್ಲಿ ಮನೆ ಅಂತಲೇ ಕೊಟ್ಟದ್ದು.”

ಅವನು ತಿರುಗಿದ. “ನಾಲ್ಕು ವರ್ಷ ನೀನೂ ತಿಂದೆಯಲ್ಲ ಅಕ್ಕ? ನನ್ನ ಪಾಲಿಲ್ಲ ಅಂತ ಗೊತ್ತಿದ್ದೇ ತಿಂದದ್ದಲ್ವಾ?”

“ತಿಂದೆ. ಗಂಟಲಲ್ಲಿ ಇಳಿಯಲಿಲ್ಲ ಅಂತ ಸುಳ್ಳು ಹೇಳುದಿಲ್ಲ. ಇಳಿಯಿತು. ಈ ವರ್ಷ ತಿನ್ನಲಿಲ್ಲ. ಅಣ್ಣನ ಬಟ್ಟಲಿಗೆ ಕೈ ಅಡ್ಡ ಇಟ್ಟು ಬಂದಿದ್ದೇನೆ. ನೀನು ತಿಂದರೆ ನಾನು ತಿನ್ನುದು. ಇಲ್ಲದಿದ್ದರೆ ಇಲ್ಲೇ ಕೂತಿರ್ತೇನೆ. ನಿನ್ನ ಟಾಯ್ಲೆಟ್ ಕ್ಯೂಗೆ ಒಂದು ಜನ ಹೆಚ್ಚು.”

ಅಷ್ಟರಲ್ಲಿ ಅವನ ಹೆಂಡತಿ ಡಬ್ಬಿ ತೆರೆದು, ತೆನೆಯನ್ನು ಮೂಗಿನ ಹತ್ತಿರ ಹಿಡಿದಿದ್ದಳು. ಅವಳ ಅಜ್ಜನಿಗೂ ಗದ್ದೆಯಂತೆ. ಹೊಸ ಭತ್ತ ಬಂದರೆ ಅವರೂ ಕುಟ್ಟುತ್ತಾರಂತೆ. ನಾನು ಹೇಳಿಕೊಡುವ ಮೊದಲೇ ಉಗುರಿನಿಂದ ಕಾಳು ಸುಲಿಯತೊಡಗಿದಳು, ನನಗಿಂತ ಬೇಗ. ಬೆಳ್ಳುಳ್ಳಿ ವಾಸನೆಯ ಕುಟ್ಟಾಣಿಯನ್ನು ಎರಡು ಸಲ ತೊಳೆದು ಕುಟ್ಟಿದಳು. ಒಲೆಯ ಮೇಲೆ ತೆಂಗಿನ ಹಾಲಿನಲ್ಲಿ ನುಗ್ಗೆಸೊಪ್ಪು ಬೇಯುತ್ತಿತ್ತು. ಅವರ ಊರಿನ ಅಡುಗೆಯಂತೆ. ನಾನು ಅಮ್ಮನ ಅಡುಗೆ ಎಂದುಕೊಂಡೆ.

“ಓನ್ಲಿ ಒನ್ ಡಿಶ್, ಅಕ್ಕಾ. ಓಕೆ?”

“ಒಂದೂ ಬೆಸವೇ,” ಎಂದೆ.

ಬಾಲ್ಕನಿಯಿಂದ ಕೇಳಿತು. “ಅಣ್ಣ ಇದ್ದರೆ ಒಂಬತ್ತು ಮಾಡಿಸ್ತಿದ್ದ.” ಆಮೇಲೆ ಕೆಳಗಿನ ಬೀದಿಗೆ ಬಗ್ಗಿ ನೋಡಿ, “ಭಾವ ಕೆಳಗೆ ಕಾರಿನಲ್ಲಿದ್ದಾರಾ?”

“ಭಾವ ಸೋಫಾದಲ್ಲಿದ್ದಾರೆ. ನಾನು ಬಸ್ಸು, ಮೆಟ್ರೋ, ಆಮೇಲೆ ಅಬ್ರಾ.”

“ಅಬ್ರಾದಲ್ಲಾ? ನೀನು? ಯಾರ ಅಂಗಿ ಹಿಡಿದೆ?”

“ಯಾರದ್ದೂ ಇಲ್ಲ. ತೆನೆ ದೋಣಿಯಲ್ಲಿ ಬರಬೇಕಲ್ಲ.”

ಅವನು ಒಳಗೆ ಬಂದ. ನನ್ನ ಪಾದ ನೋಡಿದ. ಚಪ್ಪಲಿಯ ಪಟ್ಟಿಯಲ್ಲಿ ಉಪ್ಪುನೀರು ಒಣಗಿ ಬಿಳಿ ಗೆರೆ ಬಿದ್ದಿತ್ತು. ಗೋಡೆಯ ಶಿಲುಬೆಯ ಕೆಳಗೆ, ಮಂಚದ ಅಂಚಿನಲ್ಲಿ ಕೂತು, ಚಿಕ್ಕವನಿದ್ದಾಗ ಕೂರುತ್ತಿದ್ದಂತೆ ಎರಡೂ ಕೈ ಜೋಡಿಸಿ ಅಂಗೈ ಚಾಚಿದ. ಆ ಕೋಣೆಯಲ್ಲಿ ಹಿರಿಯಳು ನಾನೇ. ಮೊದಲು ಅವನಿಗೆ ಕೊಟ್ಟೆ, ಆಮೇಲೆ ಅವಳಿಗೆ. ಕೊನೆಗೆ ನಾನು ತಿಂದೆ. ಕಾಳಿಗೆ ಬೆಳ್ಳುಳ್ಳಿಯ ರುಚಿ ಇದ್ದೇ ಇತ್ತು.

ಉಳಿದ ತೆನೆಯನ್ನು ಅವಳು ತನ್ನ ಕೂದಲಿನ ರಬ್ಬರ್ ಬ್ಯಾಂಡಿನಿಂದ ಶಿಲುಬೆಗೆ ಕಟ್ಟಿದಳು. ನಾನು ಫೋಟೋ ತೆಗೆದು, ತಮ್ಮನಿಲ್ಲದ ನಮ್ಮ ಮನೆಯ ವಾಟ್ಸಾಪ್ ಗುಂಪಿಗೆ ಹಾಕಿದೆ: “ದೇರಾದ ಮನೆಯಲ್ಲಿ ಹೊಸ ಅಕ್ಕಿ ಊಟ.”

ಹಿಂದಿರುಗುವಾಗ ತಮ್ಮ ಅಬ್ರಾ ತನಕ ಬಂದ, ಹತ್ತಿಯೂ ಹತ್ತಿದ. ಕೂತವನೇ ಅಂಗಿಯ ತುದಿಯನ್ನು ನನ್ನ ಕಡೆ ಎಳೆದು ಹಿಡಿದ. ಬೇಡ ಎಂದು ತಲೆಯಾಡಿಸಿದೆ. ಆಗಲೇ ಅಣ್ಣನ ಮೆಸೇಜು ಬಂತು: “ಇಡೀ ತೆನೆ ನಿನಗೆ ಕೊಟ್ಟದ್ದು ಯಾರು?”

ಗುರಿಕಾರರನ್ನು ಸಿಕ್ಕಿಸುವುದು ಬೇಡವೆಂದು, ನಡುನೀರಿನಲ್ಲಿ ಎರಡೂ ಕೈಯಿಂದ ಬರೆದೆ: “ನಾನು ಸಾಲಿನಲ್ಲಿ ಎರಡು ಸಲ ನಿಂತೆ. ಬರುವ ವರ್ಷವೂ ನಿಲ್ಲುತ್ತೇನೆ. ಹಾಗೆ ನಿಲ್ಲುವುದು ನಿನಗೆ ಬೇಡವಾದರೆ ಈಗಲೇ ಅವನ ಪಾಲು ಕಟ್ಟಿಡಲು ಕಲಿ. ಇಬ್ಬರದ್ದು.”